ಹಳೇ ತೊಲಿಯಿಂದ ಕಡೆದ ಪೆನ್ನು: ಕಟಗಿ ಬೀಟೆಯೋ, ಬ್ಯಾರೆಯೋ?

ಲೇತ್_ಹುಬ್ಬಳ್ಳಿ

ಗದಗ ಕಡೆ ಕೆಡವಿದ ಹಳೇ ಮನಿ ತೊಲಿ ತುಂಡಿನಾಗ ಸ್ಲಿಮ್‌ಲೈನ್ (ಹಿತ್ತಾಳಿ ಟ್ಯೂಬಿನ ಮ್ಯಾಲೆ ಕಟಗಿ ಕೂಡಿಸಿ ಮಾಡೋ ತೆಳ್ಳನ) ಪೆನ್ನು ಕಡದೀನ್ರಿ. ಬಣ್ಣ ಕಡುಕಂದು, ನಡುನಡುವೆ ಕರಿ ಗೆರಿ. ಫಿನಿಶ್ ಸೂಪರ್ ಗ್ಲೂ. ಕಟಗಿ ಕೊಟ್ಟವರು ಬೀಟೆ ಅಂದಾರ. ಗಿರಾಕಿಗೆ ಡಬ್ಬಿ ಮ್ಯಾಲೆ ಕಟಗಿ ಹೆಸರು ಬೇಕು, ಪೆನ್ನು ಹೊರದೇಶಕ್ಕ ಹೋಗೂದೈತಿ. ಮೂರು ಫೋಟೋ ಹಾಕೀನಿ. ನೀರಿನ್ಯಾಗ ಬಿಟ್ರ ಮುಳುಗತೈತಿ, ಅಂದ್ರ ಬೀಟೆನೇ ಹೌದಲ್ರಿ?

ಉಳಿಬಾಚಿ

ಮುಳುಗಿದ್ದು ಹಿತ್ತಾಳಿರೀ, ಕಟಗಿ ಅಲ್ಲ. ಒಳಗಿನ ಟ್ಯೂಬು, ಕ್ಲಿಪ್ಪು, ತಿರುಗಿಸೋ ಯಂತ್ರ ಎಲ್ಲಾ ಲೋಹ. ಮಾವಿನ ಕಟಗಿ ಹಾಕಿದ್ರೂ ಆ ಪೆನ್ನು ಮುಳುಗತೈತಿ. ಒಣಗಿದ ಬೀಟೆ ತುಂಡು ನೀರಿನ್ಯಾಗ ಬಿಟ್ರ ಸಾಮಾನ್ಯವಾಗಿ ತೇಲೂದೇ.

ಮುಗಿದ ಪೆನ್ನಿನ ಫೋಟೋದಿಂದ ಹೆಸರು ಹೇಳಾಕ ಬರೂದಿಲ್ಲ. ಸೂಪರ್ ಗ್ಲೂ ಕೂತ ಮ್ಯಾಲೆ ಎಲ್ಲಾ ಕಟಗಿನೂ ಕಪ್ಪಾಗಿ ಕಾಣತಾವ. ಹಳೇ ತೊಲಿಗೆ ಒಲಿ ಹೊಗಿ, ಹುಳಕ್ಕಂತ ಬಳದ ಎಣ್ಣಿ ಬ್ಯಾರೆ. ಸ್ಲಿಮ್‌ಲೈನ್ ಟ್ಯೂಬು 7 ಮಿ.ಮೀ., ತುದಿಯೊಳಗ ಕಟಗಿ ಗೋಡೆ ಒಂದು ಮಿಲಿಮೀಟರೂ ಇರೂದಿಲ್ಲ. ಅಷ್ಟರಾಗ ಕಟಗಿಯ ನೀರು ಹರಿಯೋ ಸಣ್ಣ ತೂತು ಒಂದೆರಡು ಕಾಣಬಹುದು, ವಿನ್ಯಾಸ ಕಾಣೂದಿಲ್ಲ. ಕೊಯ್ದುಳಿದ ತುಂಡು ಐತೇನು? ಚೌಕ ಮಾಡಿ ಅಳತಿ, ತೂಕ ಹಾಕ್ರಿ.

ಲೇತ್_ಹುಬ್ಬಳ್ಳಿ

ಐತ್ರಿ. 19×19×130 ಮಿ.ಮೀ., 39 ಗ್ರಾಂ. ತುದಿನ 220 ನಂಬರಿನ ಪಾಲಿಶ್ ಪೇಪರಿನಿಂದ ಉಜ್ಜಿ ನೋಡಿದೆ, ಏನೂ ಕಾಣವಲ್ದು.

ಚೇಗು_ಧಾರವಾಡ

ಗಾತ್ರ ಸುಮಾರು 47 ಘನ ಸೆಂ.ಮೀ. ಅಂದರೆ ಸಾಂದ್ರತೆ 0.83 (ನೀರಿನದು 1). ಸಾಗವಾನಿ 0.65ರ ಆಸುಪಾಸು, ಬಾಗೆಯೂ ಅಷ್ಟೇ, ಹಾಗಾಗಿ ಇವೆರಡೂ ಹೊರಗೆ. ರಕ್ತಚಂದನವಾಗಿದ್ದರೆ ತೂಕ ಇನ್ನೂ ಹೆಚ್ಚಿರಬೇಕಿತ್ತು. ಆದರೆ ಬೀಟೆ, ಜಾಲಿ, ಮತ್ತಿ ಮೂರೂ 0.8 ದಾಟಿದ ಮರಗಳು, ಹೊನ್ನೆಯೂ ಹತ್ತಿರಕ್ಕೆ ಬರುತ್ತದೆ. ತೂಕದಿಂದ ಇನ್ನು ಮುಂದೆ ಹೋಗಲಾಗದು.

220ರಲ್ಲಿ ಉಜ್ಜಿದರೆ ತೂತುಗಳೆಲ್ಲ ಪುಡಿಯಿಂದ ತುಂಬಿಬಿಡುತ್ತವೆ. ತುದಿಯಿಂದ 5 ಮಿ.ಮೀ. ಕೊಯ್ದು ಬಿಸಾಕಿ, ಹೊಸ ಮುಖದ ಮೇಲೆ ಎರಡು ಹನಿ ನೀರು ಹಾಕಿ ಐದು ನಿಮಿಷ ಬಿಡಿ. ಹೊಸ ಕಟರ್ ಬ್ಲೇಡನ್ನು ಓರೆಯಾಗಿ ಹಿಡಿದು ತೆಳ್ಳಗೆ ಹೆರೆಯಿರಿ. ಇಡೀ ಮುಖ ಬೇಕಿಲ್ಲ, ಕಡಲೆಬೇಳೆಯಷ್ಟು ಜಾಗ ಸ್ವಚ್ಛವಾದರೆ ಸಾಕು. ಬ್ಲೇಡ್ ಒಂದೆರಡು ಸಲಕ್ಕೇ ಮೊಂಡಾಗುತ್ತದೆ. ಮೊಂಡು ಬ್ಲೇಡು ಎಳೆಗಳನ್ನು ಕೊಯ್ಯದೆ ಒರೆಸಿಬಿಡುತ್ತದೆ. ವಾಚ್ ರಿಪೇರಿಯವರು ಕಣ್ಣಿಗೆ ಹಾಕಿಕೊಳ್ಳುವಂಥ 10 ಪಟ್ಟಿನ ಮಸೂರ ಹಿಡಿದು, ಬೆಳಕು ಪಕ್ಕದಿಂದ ಬರುವಂತೆ ನೋಡಿ.

ಬೀಟೆಯಾದರೆ ತೂತುಗಳು ವಿರಳವಾಗಿ ಚದುರಿರುತ್ತವೆ, ಅವನ್ನು ಜೋಡಿಸುವ ತಿಳಿ ಬಣ್ಣದ ಅಲೆಯಲೆಯಾದ ಪಟ್ಟಿಗಳು ಕಾಣುತ್ತವೆ. ಜಾಲಿಯಲ್ಲಿ ಪ್ರತಿ ತೂತಿನ ಸುತ್ತ ತಿಳಿ ಬಣ್ಣದ ಪ್ರಭೆಯಿರುತ್ತದೆ, ಅಲ್ಲಲ್ಲಿ ಮಾತ್ರ ಒಂದಕ್ಕೊಂದು ಕೂಡಿರುತ್ತದೆ.

ಇದಕ್ಕಿಂತ ಗಟ್ಟಿ ಗುರುತು ಉದ್ದ ಮುಖದಲ್ಲಿದೆ. ತುದಿಯಲ್ಲಿ ವರ್ಷದ ಉಂಗುರಗಳು ಯಾವ ಅಂಚಿಗೆ ಸಮಾನಾಂತರವಾಗಿವೆ ನೋಡಿ, ಆ ಅಂಚಿನ ಉದ್ದ ಮುಖವನ್ನು ಬ್ಲೇಡಿನಿಂದ ನಯ ಮಾಡಿ ಸ್ವಲ್ಪ ಒದ್ದೆ ಮಾಡಿ. ಬೀಟೆ, ಶೀಸಂ, ಹೊನ್ನೆ ಇವುಗಳಲ್ಲಿ ಎಳೆಗೆ ಅಡ್ಡಲಾಗಿ ಬಲು ಸಣ್ಣ ಗೆರೆಗಳ ಸಾಲು ಕಾಣುತ್ತದೆ, ಮಿಲಿಮೀಟರಿಗೆ ಐದಾರು. ಜಾಲಿಯಲ್ಲೂ ಮತ್ತಿಯಲ್ಲೂ ಅದು ಇಲ್ಲ. ಇದನ್ನು ಪೆನ್ನಿನ ಮೇಲೆ ಹುಡುಕಲೇಬೇಡಿ. ಲೇತ್ ತಿರುಗುವಾಗ ಹಿಡಿದ ಪಾಲಿಶ್ ಪೇಪರಿನ ಗೀರುಗಳೂ ಎಳೆಗೆ ಅಡ್ಡಲಾಗಿಯೇ ಬೀಳುತ್ತವೆ, ಮಸೂರದಲ್ಲಿ ಥೇಟ್ ಇದೇ ಸಾಲಿನಂತೆ ಕಾಣಿಸಿ ಜಾಲಿಯನ್ನು ಬೀಟೆ ಮಾಡಿಬಿಡುತ್ತವೆ.

ಲೇತ್_ಹುಬ್ಬಳ್ಳಿ

ಹೆರದು ನೋಡಿದ್ನಿರಿ. ತೂತಿನ ಸುತ್ತ ತಿಳಿ ಬಣ್ಣ ಐತಿ, ಕೆಲವು ಕಡೆ ಎರಡು ಮೂರು ಕೂಡ್ಯಾವ, ಉದ್ದನ ಪಟ್ಟಿ ಇಲ್ಲ. ಉದ್ದ ಮುಖದಾಗ ಅಡ್ಡ ಗೆರಿ ಒಂದೂ ಇಲ್ಲ. ಕಬ್ಬಿಣ ನೆನೆಸಿದ ನೀರು ಹಾಕಿ ನೋಡಂತಾರ, ಮಾಡ್ಲೇನು?

ಉಳಿಬಾಚಿ

ಕಬ್ಬಿಣದ ನೀರು ಹಾಕಿದ್ರ ಒಗರಿರೋ ಕಟಗಿ ಎಲ್ಲಾ ಕರ್ರಗ ಆಗತಾವ. ಅದರಿಂದ ಹೆಸರು ಬರೂದಿಲ್ಲ, ತುಂಡು ಕೆಡತೈತಿ ಅಷ್ಟ.

ಸ್ಪಿರಿಟ್ ಪರೀಕ್ಷೆ ಮಾಡ್ರಿ. ಸಣ್ಣ ಸೀಸೆಯೊಳಗ ಒಂದು ಚಿಟಿಕಿ ಹೆರತಿ, ಮುಳುಗುವಷ್ಟು ಸ್ಪಿರಿಟ್, ಅರ್ಧ ತಾಸು. ಬೀಟೆ ಆದ್ರ ನೇರಳಿ ಛಾಯೆ ಬಿಡತೈತಿ. ರಕ್ತಚಂದನ ಆದ್ರ ಕೆಂಪು. ಅದರ ಬಣ್ಣ ನೀರಿಗೆ ಸರಿಯಾಗಿ ಬಿಡೂದಿಲ್ಲ, ಸ್ಪಿರಿಟ್‌ಗ ಬಿಡತೈತಿ. ಹೆರತಿ ತೊಲಿ ಒಳಗಿನದೇ ಆಗಿರ್ಲಿ, ಹೊರಪದರದ ಮಸಿ ಸೇರಿದ್ರ ಎಲ್ಲಾ ಕಂದೇ.

ಹೊನ್ನಿ ಸಂಶಯ ಇದ್ರ ಗಾಜಿನ ಲೋಟದಾಗ ನೀರು, ಹೆರತಿ, ಕಾಲು ತಾಸು. ಕರಿ ಬಟ್ಟಿ ಹಿಂದಿಟ್ಟು ಬಿಸಿಲಿಗೆ ಹಿಡದ್ರ ಅಂಚಿನ್ಯಾಗ ನೀಲಿ ಹೊಳಪು. ನೋಟು ನೋಡೋ ಯುವಿ ಟಾರ್ಚ್ ಇದ್ರ ಇನ್ನೂ ಛಲೋ. ಆದ್ರ ಲೋಟ ಸೋಪಿನ ಪುಡಿಯಾಗ ತೊಳದಿದ್ರ ಆ ಪುಡಿನೂ ನೀಲಿ ಹೊಳಿತೈತಿ, ಬಿಳಿ ಕಾಗದಾನೂ ಹೊಳಿತೈತಿ. ಪಕ್ಕಕ್ಕ ಬರೇ ನೀರಿನ ಇನ್ನೊಂದು ಲೋಟ ಇಟ್ಟೇ ನೋಡ್ರಿ.

ಲೇತ್_ಹುಬ್ಬಳ್ಳಿ

ಸ್ಪಿರಿಟ್ ಚಹಾ ಬಣ್ಣ ಆತು, ನೇರಳಿ ಇಲ್ಲ. ನೀರಿನ ಲೋಟ ಎರಡೂ ಒಂದೇ ಥರ, ನೀಲಿ ಇಲ್ಲ.

ಚೇಗು_ಧಾರವಾಡ

ಹಾಗಾದರೆ ಬೀಟೆಯೂ ಅಲ್ಲ, ಹೊನ್ನೆಯೂ ಅಲ್ಲ. ಉಳಿದದ್ದು ಜಾಲಿ, ಮತ್ತಿ. ಅಡ್ಡ ಮುಖದಲ್ಲಿ ಮರದ ನಡುವಿನಿಂದ ಹೊರಕ್ಕೆ ಹೋಗುವ ನೇರ ಗೆರೆಗಳನ್ನು ಮಸೂರವಿಲ್ಲದೆ ನೋಡಿ. ಬರಿಗಣ್ಣಿಗೇ ಬೇರೆಬೇರೆಯಾಗಿ ಕಂಡರೆ ಜಾಲಿ. ಮತ್ತಿಯಲ್ಲಿ ಅವು ಒಂದೇ ಕೋಶದ ಅಗಲ, ಮಸೂರ ಹಿಡಿದರೂ ಕಣ್ಣು ಕಿರಿದು ಮಾಡಬೇಕು.

ಲೇತ್_ಹುಬ್ಬಳ್ಳಿ

ಬರಿಗಣ್ಣಿಗೆ ಕಾಣತಾವ್ರಿ. ಮತ್ತ ತೊಲಿಗೆ ಜಾಲಿ ಹಾಕ್ತಿದ್ರೇನು?

ಉಳಿಬಾಚಿ

ಬಯಲುಸೀಮಿಯೊಳಗ ಚಕ್ಕಡಿ ಗಾಲಿ, ರಂಟಿ, ಕುಂಟಿಗೆಲ್ಲ ಜಾಲಿನೇ. ನೆಟ್ಟಗಿನ ಬೊಡ್ಡಿ ಸಿಕ್ಕಲ್ಲಿ ತೊಲಿಗೂ ಹಾಕ್ಯಾರ. ಬೀಟೆ ಅಂತ ಮಾರಿದ್ರ ರೇಟು ಬರತೈತಿ, ಅದಕ್ಕ ಕರಿ ಗೆರಿ ಇದ್ದದ್ದೆಲ್ಲಾ ಬೀಟೆ.

ಚೇಗು_ಧಾರವಾಡ

ಡಬ್ಬಿಯ ಮೇಲೆ ‘ಜಾಲಿ, ಹಳೇ ಮನೆಯ ತೊಲೆ’ ಎಂದಷ್ಟೇ ಬರೆಯಿರಿ. ಮಸೂರದಿಂದ ಜಾಲಿಯ ಬಳಗದವರೆಗೆ ಬರಬಹುದು. ಕರಿಜಾಲಿಯೋ ಬಿಳಿಜಾಲಿಯೋ ಎಂಬುದಕ್ಕೆ ಸೂಕ್ಷ್ಮದರ್ಶಕ ಬೇಕು. ಗಿರಾಕಿ ಸಸ್ಯಶಾಸ್ತ್ರೀಯ ಹೆಸರನ್ನೇ ಕೇಳಿದರೆ ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರ ಗುರುತಿಸಿ ಕೊಡುತ್ತಾರೆ. ಪಾಲಿಶ್, ಗ್ಲೂ ಏನೂ ತಾಗದ ಚೇಗಿನ (ಮರದ ಒಳತಿರುಳಿನ) ತುಂಡು ಕೊಡಿ, ಎಷ್ಟು ದೊಡ್ಡದಿರಬೇಕು, ಶುಲ್ಕ ಎಷ್ಟು ಎಂದು ಮೊದಲೇ ವಿಚಾರಿಸಿ.

ಅಂದಾಜಿನ ಮೇಲೆ ‘ಬೀಟೆ’ ಎಂದು ಬರೆಯಬೇಡಿ. ಬೀಟೆ ಸೇರುವ ಡಾಲ್ಬರ್ಜಿಯಾ ಕುಲ ಪೂರ್ತಿ 2017ರ ಜನವರಿಯಿಂದ ಸೈಟಿಸ್ (ಅಳಿವಿನಂಚಿನ ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದ) ಪಟ್ಟಿಯಲ್ಲಿದೆ. 2019ರಲ್ಲಿ ಸಿದ್ಧ ವಸ್ತುಗಳಿಗೆ ರವಾನೆಯೊಂದಕ್ಕೆ 10 ಕಿಲೋವರೆಗೆ ವಿನಾಯಿತಿ ಬಂತಾದರೂ, ಹೆಸರು ಕಂಡ ಕೂಡಲೇ ಕಸ್ಟಮ್ಸ್‌ನವರು ಕಾಗದ ಕೇಳಬಹುದು. ಜಾಲಿ ಪೆನ್ನಿಗೆ ಆ ಉಸಾಬರಿ ಯಾಕೆ?