ಓಟಕ್ಕೆ ಸ್ಮಾರ್ಟ್‌ವಾಚ್: ದೂರವೂ ತಪ್ಪು, ಹಾರ್ಟ್ ರೇಟೂ ತಪ್ಪು. ಸೆಟ್ಟಿಂಗ್ ಸರಿಮಾಡಲೋ, ಹೊಸದು ಕೊಳ್ಳಲೋ?

ಹಲಸೂರು_ಓಟ:
ಎಲ್ಲರಿಗೂ ನಮಸ್ಕಾರ. ವಯಸ್ಸು 52, ಆಂಡ್ರಾಯ್ಡ್ ಫೋನ್. ಓಡುವ ದಾರಿ: ಹಲಸೂರಿನಿಂದ ಎಂ.ಜಿ. ರಸ್ತೆಯಲ್ಲಿ ಮೆಟ್ರೊ ಪಕ್ಕದಲ್ಲೇ ಕಬ್ಬನ್ ಪಾರ್ಕ್, ಒಳಗೊಂದು ಸುತ್ತು, ಅದೇ ದಾರಿಯಲ್ಲಿ ವಾಪಸ್. ಸುಮಾರು 8 ಕಿಮೀ. ಕೈಯಲ್ಲಿರೋದು ಕಡಿಮೆ ಬೆಲೆಯ ಸ್ಮಾರ್ಟ್‌ವಾಚ್. ಮೂರು ತೊಂದರೆ ಇದೆ:

1. ಅದೇ ದಾರಿಗೆ ಒಂದು ದಿನ 7.3 ಕಿಮೀ, ಇನ್ನೊಂದು ದಿನ 8.6 ಕಿಮೀ ತೋರಿಸುತ್ತೆ.
2. ಮಾತಾಡಿಕೊಂಡು ಆರಾಮಾಗಿ ಓಡುವಾಗಲೂ ಹಾರ್ಟ್ ರೇಟ್ 172–176. ಉಬ್ಬಸ ಇಲ್ಲ, ಸುಸ್ತೂ ಇಲ್ಲ.
3. ಸ್ಕೂಟರ್‌ನಲ್ಲಿ ಆಫೀಸಿಗೆ ಹೋಗಿ ಕೂರೋಷ್ಟರಲ್ಲಿ 2,000 ಹೆಜ್ಜೆ ದಾಖಲಾಗಿರುತ್ತೆ.

ಟಿಸಿಎಸ್ ವರ್ಲ್ಡ್ 10ಕೆ (ಬೆಂಗಳೂರಿನ 10 ಕಿಮೀ ರೇಸ್) ಓಡಬೇಕು, ಆಮೇಲೆ ಹಾಫ್ ಮ್ಯಾರಥಾನ್. ವಾಚ್ ಬದಲಾಯಿಸಬೇಕು ಅಂದ್ರೆ ಯಾವುದು ತಗೊಳ್ಳಲಿ?

ಲೇನ್_ಒಂದು:
ಸರ್, ವಾಚ್ ಬದಲಾಯಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಫೋನ್ ಮನೆಯಲ್ಲೇ ಬಿಟ್ಟು, ಬಯಲಿನಲ್ಲಿ ಒಂದು ಕಿಲೋಮೀಟರ್ ಓಡಿ, ವಾಪಸ್ ಬಂದು ಆಪ್‌ಗೆ ಸಿಂಕ್ ಮಾಡಿ. ಮ್ಯಾಪ್‌ನಲ್ಲಿ ದಾರಿಯ ಗೆರೆ ಬಂದರೆ ವಾಚ್‌ನೊಳಗೇ ಜಿಪಿಎಸ್ ಇದೆ. ದೂರ ಮಾತ್ರ ಬಂದು ಗೆರೆ ಬರದಿದ್ದರೆ ಅದು ಹೆಜ್ಜೆ ಎಣಿಸಿ, ನೀವು ಕೊಟ್ಟ ಎತ್ತರದಿಂದ ಹೆಜ್ಜೆಯ ಉದ್ದ ಊಹಿಸಿ, ಗುಣಿಸಿ ಹೇಳ್ತಿದೆ. ಡಬ್ಬದ ಮೇಲೆ "ಜಿಪಿಎಸ್" ಅಂತ ದೊಡ್ಡದಾಗಿ ಬರೆದಿದ್ದರೂ ಬಹಳಷ್ಟು ಅಗ್ಗದ ವಾಚ್‌ಗಳಲ್ಲಿ ಇರೋದು ಕನೆಕ್ಟೆಡ್ ಜಿಪಿಎಸ್, ಅಂದರೆ ಫೋನಿನ ಜಿಪಿಎಸ್ಸನ್ನೇ ಎರವಲು ಪಡೆಯೋದು. ಕೊಳ್ಳುವಾಗ ಸ್ಪೆಕ್‌ನಲ್ಲಿ "ಬಿಲ್ಟ್-ಇನ್" ಎಂಬ ಪದ ಹುಡುಕಿ, ಇಲ್ಲದಿದ್ದರೆ ಮುಂದೆ ಹೋಗಿ.

ಹಾರ್ಟ್ ರೇಟ್ ವಿಷಯ ನೋಡಿ. 220ರಿಂದ ವಯಸ್ಸು ಕಳೆದರೆ ನಿಮಗೆ ಗರಿಷ್ಠ 168. ಇನ್ನೊಂದು ಸೂತ್ರ, 208ರಿಂದ ವಯಸ್ಸಿನ 0.7 ಪಟ್ಟು ಕಳೆಯೋದು, ಅದರಲ್ಲಿ ಸುಮಾರು 172. ಎರಡೂ ಸರಾಸರಿ ಲೆಕ್ಕ, ವ್ಯಕ್ತಿಯಿಂದ ವ್ಯಕ್ತಿಗೆ ಹತ್ತು ಬಡಿತ ಆಚೀಚೆ ಆಗೋದು ಸಾಮಾನ್ಯ. ಆದರೂ ಗರಿಷ್ಠದ ಹತ್ತಿರ ಇದ್ದಾಗ ಯಾರಿಗೂ ಆರಾಮಾಗಿ ಮಾತಾಡೋಕೆ ಆಗಲ್ಲ. ಅದು ಬಹುತೇಕ ನಿಮ್ಮ ಕ್ಯಾಡೆನ್ಸ್, ಅಂದರೆ ನಿಮಿಷಕ್ಕೆ ಹಾಕುವ ಹೆಜ್ಜೆಗಳ ಲೆಕ್ಕ. ಆಪ್‌ನಲ್ಲಿ ಕ್ಯಾಡೆನ್ಸ್ ಗ್ರಾಫ್ ತೆಗೆದು ಹಾರ್ಟ್ ರೇಟ್ ಗ್ರಾಫ್ ಪಕ್ಕ ಇಟ್ಟು ನೋಡಿ.

ಹಲಸೂರು_ಓಟ:
ಪರೀಕ್ಷೆ ಮಾಡಿದೆ ಸರ್. ಗೆರೆ ಬರಲೇ ಇಲ್ಲ, ದೂರ ಮಾತ್ರ ಬಂತು. ಕ್ಯಾಡೆನ್ಸ್ 174. ಎರಡೂ ಗ್ರಾಫ್ ಒಂದರ ಮೇಲೊಂದು ಕೂತ ಹಾಗಿವೆ. ಇದು ಯಾಕೆ ಹೀಗಾಗುತ್ತೆ?

ಲೇನ್_ಒಂದು:
ವಾಚ್ ಹಸಿರು ಬೆಳಕನ್ನು ಚರ್ಮದೊಳಗೆ ಬಿಟ್ಟು, ವಾಪಸ್ ಬರುವ ಬೆಳಕಿನ ಏರಿಳಿತದಿಂದ ಬಡಿತ ಲೆಕ್ಕ ಹಾಕುತ್ತೆ. ಹೃದಯ ಬಡಿದಾಗ ಮಣಿಕಟ್ಟಿನಲ್ಲಿ ರಕ್ತ ಹೆಚ್ಚಾಗಿ ಬೆಳಕು ಕಡಿಮೆ ಮರಳುತ್ತೆ. ಆದರೆ ಓಡುವಾಗ ಪ್ರತಿ ಹೆಜ್ಜೆಗೂ ಕೈ ಬೀಸಿ, ವಾಚ್ ಚರ್ಮದಿಂದ ಕೂದಲೆಳೆಯಷ್ಟು ಎದ್ದು ಮತ್ತೆ ಕೂರುತ್ತೆ. ಈ ಅಲುಗಾಟದ ಅಲೆ ನಿಜವಾದ ಬಡಿತದ ಅಲೆಗಿಂತ ದೊಡ್ಡದು. ಸಾಫ್ಟ್‌ವೇರ್ ದೊಡ್ಡ ಅಲೆಯನ್ನೇ ಹಿಡಿದುಕೊಳ್ಳುತ್ತೆ. ಇದಕ್ಕೆ ಕ್ಯಾಡೆನ್ಸ್ ಲಾಕ್ ಅಂತಾರೆ.

ಖಚಿತ ಮಾಡಿಕೊಳ್ಳಲು: ಓಡುತ್ತಲೇ ಒಂದು ನಿಮಿಷ ವೇಗ ಅಷ್ಟೇ ಇಟ್ಟು ಹೆಜ್ಜೆ ಚಿಕ್ಕದು ಮಾಡಿ, ಬೇಗ ಬೇಗ ಹಾಕಿ. ಹಾರ್ಟ್ ರೇಟ್ ತಕ್ಷಣ ಅದರ ಹಿಂದೆಯೇ ಏರಿದರೆ ಲಾಕ್ ಆಗಿದೆ. ಅಥವಾ ನಿಂತ ಕೂಡಲೇ ಕುತ್ತಿಗೆಯ ನಾಡಿ ಹಿಡಿದು 15 ಸೆಕೆಂಡ್ ಎಣಿಸಿ 4ರಿಂದ ಗುಣಿಸಿ.

ಪರಿಹಾರ: ವಾಚನ್ನು ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳಷ್ಟು ಮೇಲೆ ಕಟ್ಟಿ. ಓಟಕ್ಕೆ ಮಾತ್ರ ಒಂದು ತೂತು ಬಿಗಿ, ಮುಗಿದ ಮೇಲೆ ಸಡಿಲ. ತಳದ ಗಾಜಿನ ಮೇಲೆ ಸನ್‌ಸ್ಕ್ರೀನ್, ಎಣ್ಣೆ, ಬೆವರಿನ ಪದರ ಇದ್ದರೆ ಒರೆಸಿ. ಡಿಸೆಂಬರ್, ಜನವರಿಯ ಚಳಿ ಬೆಳಗಿನಲ್ಲಿ ಕೈಗೆ ರಕ್ತ ಕಡಿಮೆ ಹರಿಯೋದರಿಂದ ಮೊದಲ 10 ನಿಮಿಷದ ಅಂಕಿ ನಂಬಬೇಡಿ, ಒಳಗೇ ಮೈ ಬಿಸಿ ಮಾಡಿಕೊಂಡು ಹೊರಡಿ. ಭಾರದ ವಾಚ್ ಹೆಚ್ಚು ಕುಣಿಯುತ್ತೆ. ಹಾಗಾಗಿ 30–40 ಗ್ರಾಂ ವಾಚ್ ಓಟಕ್ಕೆ ಒಳ್ಳೇದು.

ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತಗೊಳ್ತಿದ್ದರೆ ಮೇಲಿನ ಗರಿಷ್ಠದ ಸೂತ್ರ ಯಾವುದೂ ಅನ್ವಯಿಸಲ್ಲ, ಓಡುವಾಗ ಹಾರ್ಟ್ ರೇಟ್ ಎಷ್ಟರಿಂದ ಎಷ್ಟರೊಳಗೆ ಇರಬೇಕು ಅಂತ ವೈದ್ಯರನ್ನೇ ಕೇಳಿ. ನಾಡಿ ಎಣಿಸಿದಾಗಲೂ ನಿಜವಾಗಿಯೇ 170 ಬಂದರೂ ಅಷ್ಟೆ, ಮೊದಲು ವೈದ್ಯರು, ಆಮೇಲೆ ವಾಚ್.

ಹುಬ್ಬಳ್ಳಿ_ಪೇಸರ್:
ಸರ, ಹಾರ್ಟ್ ರೇಟ್ ನೋಡಿಕೊಂಡೇ ತರಬೇತಿ ಮಾಡೋದಿದ್ರ ಎದೆಪಟ್ಟಿ ತಗೋರಿ. ಅದು ಬೆಳಕಲ್ಲ, ಹೃದಯದ ವಿದ್ಯುತ್ ಸಂಕೇತಾನ ಅಳೀತದ, ಹಂಗಾಗಿ ಕ್ಯಾಡೆನ್ಸ್ ಲಾಕ್ ಅನ್ನೋ ಮಾತೇ ಇಲ್ಲ. ಪೋಲಾರ್ ಎಚ್10 ಆದ್ರ ಬ್ಲೂಟೂತ್ ಅದ, ಆ್ಯಂಟ್ ಪ್ಲಸ್ಸೂ (ಬ್ಲೂಟೂತ್ ಹಂಗ ವಾಚಿಗೆ ಅಂಕಿ ಕಳಿಸೋ ಇನ್ನೊಂದು ವೈರ್‌ಲೆಸ್ ದಾರಿ) ಅದ, ಬ್ಯಾಟರಿ ಸಿಆರ್ 2025, ಯಾವ ವಾಚ್ ಅಂಗಡಿಯೊಳಗೂ ಸಿಗ್ತದ.

ಬಳಸೋದ್ರಾಗ ತಪ್ಪೋದು ಇಲ್ಲಿ: ಪಟ್ಟಿಯ ಒಳಗಿನ ರಬ್ಬರ್ ಎಲೆಕ್ಟ್ರೋಡ್ ಒಣಗಿದ್ರ ಮೊದಲ ಐದು ನಿಮಿಷ 200ರ ಮ್ಯಾಲೆ ಹುಚ್ಚಾಪಟ್ಟೆ ಅಂಕಿ ಬರ್ತಾವ. ಕಟ್ಟೋಕಿಂತ ಮೊದಲ ನೀರು ಹಚ್ಚಬೇಕು. ಒಣ ಗಾಳಿಯೊಳಗ ಪಾಲಿಯೆಸ್ಟರ್ ಟೀ-ಶರ್ಟ್ ಪಟ್ಟಪಟ್ಟ ಬಡಿದ್ರೂ ಸ್ಟ್ಯಾಟಿಕ್‌ನಿಂದ ಹಂಗ ಆಗ್ತದ. ಓಟ ಮುಗಿದ ಮ್ಯಾಲೆ ಪಾಡ್ (ಪಟ್ಟಿಗೆ ಸಿಕ್ಕಿಸೋ ಸೆನ್ಸರ್ ಡಬ್ಬಿ) ಬಿಚ್ಚಿಡ್ರಿ. ಒದ್ದಿ ಪಟ್ಟಿಗೆ ಸಿಕ್ಕಿಸಿಟ್ರ ಅದು ಎದಿ ಮ್ಯಾಲೆ ಐತಿ ಅಂತ ತಿಳಿದು ಆನ್ ಇದ್ದು ಬ್ಯಾಟರಿ ತಿಂತದ. ಪಟ್ಟಿ ಬರೀ ನೀರಿನಾಗ ಜಾಲಾಡಿಸಿ ನೆರಳಿನಾಗ ಒಣಗಿಸ್ರಿ.

ಎದೆಪಟ್ಟಿ ಜೋಡಿಸ್ಲಿಕ್ಕೆ ಈಗಿನ ನಿಮ್ಮ ವಾಚ್‌ನ ಸೆಟ್ಟಿಂಗ್ಸ್‌ನಾಗ "ಸೆನ್ಸರ್ ಸೇರಿಸಿ" ಅನ್ನೋ ಜಾಗ ಐತೇನು ನೋಡ್ರಿ. ಬಹಳ ಮಟ್ಟಿಗೆ ಇರಂಗಿಲ್ಲ. ಹೊಸಾದು ಕೊಳ್ಳುವಾಗ ಇದನ್ನ ಕೇಳ್ಲಿಕ್ಕೆ ಬೇಕು.

ಲೇನ್_ಒಂದು:
ಸರಿಯಾಗಿ ಹೇಳಿದ್ರಿ. ಇನ್ನು ಜಿಪಿಎಸ್. ಹಲಸೂರು_ಓಟ ಸರ್, ನಿಮ್ಮ ದಾರಿ ಜಿಪಿಎಸ್‌ಗೆ ತೀರಾ ಕಷ್ಟದ ದಾರಿ: ಒಂದು ಕಡೆ ಮೆಟ್ರೊದ ಕಾಂಕ್ರೀಟ್, ಇನ್ನೊಂದು ಕಡೆ ಎತ್ತರದ ಕಟ್ಟಡ, ಆಮೇಲೆ ಕಬ್ಬನ್ ಪಾರ್ಕ್‌ನ ದಟ್ಟ ಮರಗಳು. ಉಪಗ್ರಹದ ಸಂಕೇತ ನೇರವಾಗಿ ಬರದೆ ಗೋಡೆಗೆ ಬಡಿದು ತಡವಾಗಿ ಬರುತ್ತೆ. ವಾಚ್ ಆ ತಡವನ್ನು ದೂರ ಅಂತ ತಿಳಿದು ನಿಮ್ಮನ್ನು ರಸ್ತೆಯ ಆಚೆ ಬದಿಗೆ ಹಾಕುತ್ತೆ.

ಸಾಮಾನ್ಯ ವಾಚ್ ಕೇಳೋದು ಎಲ್1 ಒಂದೇ ತರಂಗ, 1575.42 ಮೆಗಾಹರ್ಟ್ಸ್. ಡ್ಯುಯಲ್ ಬ್ಯಾಂಡ್ ವಾಚ್ ಎಲ್5 ಕೂಡ ಕೇಳುತ್ತೆ, 1176.45 ಮೆಗಾಹರ್ಟ್ಸ್. ಎಲ್5ರ ಲಾಭ ಏನಂದ್ರೆ ಅದರ ಸಂಕೇತದ ಒಂದೊಂದು ತುಣುಕಿನ ಉದ್ದ ಸುಮಾರು 29 ಮೀಟರ್, ಎಲ್1ರ ಸಾಮಾನ್ಯ ಸಂಕೇತದಲ್ಲಿ 293 ಮೀಟರ್. ತುಣುಕು ಚಿಕ್ಕದಾದಷ್ಟೂ ನೇರವಾಗಿ ಬಂದದ್ದು ಯಾವುದು, ಗೋಡೆಗೆ ಬಡಿದು ಬಂದದ್ದು ಯಾವುದು ಅಂತ ಬೇರ್ಪಡಿಸೋದು ಸುಲಭ. ಹಾಗಾಗಿ ನಿಮ್ಮ ದಾರಿಗೆ ಡ್ಯುಯಲ್ ಬ್ಯಾಂಡ್‌ಗೆ ಕೊಡುವ ದುಡ್ಡು ಸಾರ್ಥಕ. ಹಳ್ಳಿ ರಸ್ತೆ, ಕೆರೆ ಏರಿ, ಬಯಲಲ್ಲಿ ಓಡುವವರಿಗೆ ಬೇಕಿಲ್ಲ, ಎಲ್1 ಸಾಕು. ಒಂದು ಮಾತು: ಮೆಟ್ರೊ ಸೇತುವೆಯ ನೇರ ಕೆಳಗೆ ಓಡಿದರೆ ಯಾವ ಬ್ಯಾಂಡೂ ನೆರವಿಗೆ ಬರಲ್ಲ, ಆಕಾಶ ಕಾಣಬೇಕು.

ನಾವಿಕ್ (ಜಿಪಿಎಸ್ ಥರದ ಭಾರತದ್ದೇ ವ್ಯವಸ್ಥೆ) ಇದೆ ಅಂತ ಜಾಹೀರಾತು ಮಾಡೋ ವಾಚ್‌ಗಳಿವೆ. ಇಸ್ರೋದ ನಾವಿಕ್ ಮೊದಲಿಂದ ಎಲ್5 ಮತ್ತು ಎಸ್ ಬ್ಯಾಂಡ್‌ನಲ್ಲಿತ್ತು, ಎಲ್1 ಸೇರಿದ್ದು 2023ರಲ್ಲಿ ಹಾರಿದ ಎನ್‌ವಿಎಸ್-01 ಉಪಗ್ರಹದಿಂದ. ಇದ್ದರೆ ಸಂತೋಷ, ಅದೊಂದಕ್ಕೇ ಹೆಚ್ಚು ಬೆಲೆ ಕೊಡಬೇಡಿ. ಎಲ್5 ಇದೆಯಾ ಅಂತಲೇ ನೋಡಿ.

ಮಾದರಿಗಳು: ನಿಮಗೆ ನನ್ನ ಮೊದಲ ಆಯ್ಕೆ ಕೊರೋಸ್ ಪೇಸ್ 3. ಡ್ಯುಯಲ್ ಬ್ಯಾಂಡ್ ಇದೆ, ನೈಲಾನ್ ಪಟ್ಟಿಯೊಂದಿಗೆ 30 ಗ್ರಾಂ, ಬಿಸಿಲಲ್ಲಿ ಇನ್ನೂ ಚೆನ್ನಾಗಿ ಕಾಣುವ ಪರದೆ. ಆದರೆ ಅದು ಬ್ಲೂಟೂತ್ ಎದೆಪಟ್ಟಿಗೆ ಮಾತ್ರ ಹೊಂದುತ್ತೆ, ಬರೀ ಆ್ಯಂಟ್ ಪ್ಲಸ್ ಇರುವ ಹಳೇ ಪಟ್ಟಿ ಸೇರಲ್ಲ. ಗಾರ್ಮಿನ್‌ನಲ್ಲಿ ಫೋರ್‌ರನ್ನರ್ 255 ಮತ್ತು 265ರಲ್ಲಿ ಡ್ಯುಯಲ್ ಬ್ಯಾಂಡ್ ಇದೆ. 165ರಲ್ಲಿ ಪರದೆ ಅಮೋಲೆಡ್, ನೋಡಲು ಚೆಂದ, ಆದರೆ ಡ್ಯುಯಲ್ ಬ್ಯಾಂಡ್ ಇಲ್ಲ. ಬಹಳ ಜನ ಹೊಸ ಮಾದರಿ ಅಂತ 165 ಕೊಂಡು ಇಲ್ಲೇ ಎಡವೋದು. ರಿಯಾಯಿತಿಯಲ್ಲಿ 255 ಸಿಕ್ಕರೆ ಎಂ.ಜಿ. ರಸ್ತೆಗೆ ಅದೇ ಮೇಲು, ಜಿಪಿಎಸ್ ಹಾಕಿದಾಗ 30 ಗಂಟೆ ಬ್ಯಾಟರಿ ಅಂತ ಕಂಪನಿ ಹೇಳುತ್ತೆ. ಫೋರ್‌ರನ್ನರ್ 55 ಬಯಲಲ್ಲಿ ಓಡುವವರಿಗೆ ಇವತ್ತಿಗೂ ಚೆನ್ನಾಗಿದೆ.

ಆ್ಯಪಲ್ ವಾಚ್ ನಿಮ್ಮ ಪಟ್ಟಿಯಲ್ಲೇ ಬೇಡ, ಐಫೋನ್ ಇಲ್ಲದೆ ನಡೆಯಲ್ಲ. ಗ್ಯಾಲಕ್ಸಿ ವಾಚ್ ಆಂಡ್ರಾಯ್ಡ್‌ಗೆ ಹೊಂದುತ್ತೆ, ಕರೆ, ಮೆಸೇಜ್‌ಗೆ ಬಹಳ ಅನುಕೂಲ, ಆದರೆ ಹೆಚ್ಚುಕಡಿಮೆ ದಿನಾ ಚಾರ್ಜ್‌ಗೆ ಇಡಬೇಕು. ರಾತ್ರಿ ನಿದ್ದೆಯನ್ನೂ ಅಳೆಯಬೇಕು ಅಂದ್ರೆ ಚಾರ್ಜ್ ಮಾಡೋ ಹೊತ್ತು ಹುಡುಕೋದೇ ಕೆಲಸ. ಇನ್ನೊಂದು: ಬೆವರಿದ ಬೆರಳಿಗೆ ಟಚ್ ಸ್ಕ್ರೀನ್ ಸರಿಯಾಗಿ ಓಗೊಡಲ್ಲ. ಶುರು, ನಿಲ್ಲಿಸು, ಲ್ಯಾಪ್, ಈ ಮೂರಕ್ಕೂ ಬಟನ್ ಇರೋ ವಾಚನ್ನೇ ನೋಡಿ.

ಹಲಸೂರು_ಓಟ:
ಬಹಳ ಉಪಕಾರ ಸರ್. ಹೊಸದು ಬರೋವರೆಗೆ ಈಗಿನದರಲ್ಲೇ ದೂರ ಸ್ವಲ್ಪ ಸರಿ ಬರೋ ಹಾಗೆ ಮಾಡಬಹುದಾ? ಫೋನ್ ಸೊಂಟದ ಪೌಚ್‌ನಲ್ಲಿ ಇಟ್ಟುಕೊಂಡೇ ಓಡ್ತೀನಿ. ಆದ್ರೂ ಮ್ಯಾಪ್‌ನಲ್ಲಿ ಗೆರೆ ತಿರುವುಗಳನ್ನೆಲ್ಲ ಬಿಟ್ಟು ಅಡ್ಡ ಹೋಗಿರುತ್ತೆ.

ಫರ್ಮ್‌ವೇರ್_ಮೈಸೂರು:
ಗೆರೆ ಅಡ್ಡ ಹೋಗೋದು ಅಂದ್ರೆ ಪರದೆ ಆರಿದ ಮೇಲೆ ಫೋನ್ ನಿಮ್ಮ ಆಪ್ ಅನ್ನು ಮಲಗಿಸ್ತಾ ಇದೆ. ಆಗಾಗ ಎದ್ದು ಒಂದೊಂದು ಬಿಂದು ತಗೊಂಡು ಅವುಗಳ ನಡುವೆ ನೇರ ಗೆರೆ ಎಳೀತಿದೆ. ಆಪ್‌ನ ಲೊಕೇಶನ್ ಅನುಮತಿ "ಎಲ್ಲಾ ಸಮಯದಲ್ಲೂ", ಜೊತೆಗೆ "ನಿಖರ ಸ್ಥಳ" ಆನ್. ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಆ ಆಪ್‌ಗೆ "ಅನ್‌ರಿಸ್ಟ್ರಿಕ್ಟೆಡ್". ಶಿಯೋಮಿ, ಒಪ್ಪೋ, ವಿವೋ, ರಿಯಲ್‌ಮಿ ಫೋನ್‌ಗಳಲ್ಲಿ ಇದರ ಮೇಲೆ ಆಟೋಸ್ಟಾರ್ಟ್ ಬೇರೆ ಆನ್ ಮಾಡಬೇಕು, ರೀಸೆಂಟ್ಸ್ ಪಟ್ಟಿಯಲ್ಲಿ ಆಪ್‌ಗೆ ಬೀಗದ ಗುರುತೂ ಹಾಕಬೇಕು. ಬ್ಯಾಟರಿ ಸೇವರ್ ಆಫ್. ಆಗಾಗ ನೋಟಿಫಿಕೇಶನ್ ಬರದೇ ಹೋಗುತ್ತೆ ಅನ್ನೋ ದೂರು ನಿಮಗಿದ್ದರೆ ಅದೂ ಇದರಲ್ಲೇ ಸರಿಹೋಗುತ್ತೆ.

ಹೊಸ ವಾಚ್ ಬಂದ ಮೇಲೆ: ಹಿಂದಿನ ರಾತ್ರಿ ಫೋನ್ ಜೊತೆ ಸಿಂಕ್ ಮಾಡಿಡಿ, ಉಪಗ್ರಹಗಳು ಎಲ್ಲಿರುತ್ತವೆ ಅನ್ನೋ ಮುಂಗಡ ಮಾಹಿತಿ ಇಳಿದುಕೊಳ್ಳುತ್ತೆ. ಹೊರಡುವಾಗ ಪಾರ್ಕಿಂಗ್ ಬೇಸ್‌ಮೆಂಟ್‌ನಲ್ಲಿ ಬಟನ್ ಒತ್ತಬೇಡಿ. ಬಯಲಿಗೆ ಬಂದು, ಹಸಿರು ಗುರುತು ಬಂದ ಮೇಲೂ ಅರ್ಧ ನಿಮಿಷ ನಿಂತು ಆಮೇಲೆ ಶುರು ಮಾಡಿ. ರೆಕಾರ್ಡಿಂಗ್ "ಪ್ರತಿ ಸೆಕೆಂಡ್". ಆಟೋ-ಪಾಸ್ ಆಫ್, ಮರದ ಕೆಳಗೆ ಜಿಪಿಎಸ್ ತಡವರಿಸಿದಾಗ ನೀವು ನಿಂತಿದ್ದೀರಿ ಅಂತ ತಿಳಿದು ಓಡುವಾಗಲೇ ಎಣಿಕೆ ನಿಲ್ಲಿಸಿಬಿಡುತ್ತೆ.

ಸ್ಕೂಟರ್ ಹೆಜ್ಜೆ ಪೂರ್ತಿ ಹೋಗಲ್ಲ, ಹೊಂಡದ ರಸ್ತೆಯ ಕುಲುಕಾಟ ಆಕ್ಸೆಲೆರೊಮೀಟರ್‌ಗೆ ಹೆಜ್ಜೆಯ ಹಾಗೇ ಕಾಣುತ್ತೆ. ಯಾವ ಕೈಗೆ ಕಟ್ಟಿದ್ದೀರಿ ಅಂತ ಆಪ್‌ನಲ್ಲಿ ಸರಿಯಾಗಿ ಆರಿಸಿದರೆ ಸ್ವಲ್ಪ ಇಳಿಯಬಹುದು. ಹೆಜ್ಜೆ ಲೆಕ್ಕಕ್ಕಿಂತ ವಾರಕ್ಕೆ ಎಷ್ಟು ನಿಮಿಷ ಚಟುವಟಿಕೆ ಅಂತ ನೋಡೋದು ಒಳ್ಳೇದು. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮ, ಇಲ್ಲಾ 75 ನಿಮಿಷ ಹೆಚ್ಚಿನ ಶ್ರಮ. ಗಾರ್ಮಿನ್‌ನಲ್ಲಿ ಈ ನಿಮಿಷಗಳಿಗೆ ಹಾರ್ಟ್ ರೇಟನ್ನೂ ನೋಡೋದರಿಂದ ಸ್ಕೂಟರ್‌ಗೆ ಮೋಸಹೋಗೋದು ಕಡಿಮೆ.

ಹುಬ್ಬಳ್ಳಿ_ಪೇಸರ್:
ವಾಚ್ ಸರಿ ಅದನೋ ಇಲ್ಲೋ ಅಂತ ನೋಡ್ಲಿಕ್ಕೆ 400 ಮೀಟರ್ ಟ್ರ್ಯಾಕಿಗೆ ಹೋಗ್ತಾರ ಮಂದಿ. ಹೋಗ್ರಿ, ಆದ್ರ ಲೇನ್ ನೋಡಿಕೊಂಡು ಓಡ್ರಿ. 400 ಅನ್ನೋದು ಒಂದನೇ ಲೇನ್‌ನಾಗ, ಒಳ ಅಂಚಿನಿಂದ 30 ಸೆಂಟಿಮೀಟರ್ ದೂರದಾಗ ಅಳೆದದ್ದು. ಎರಡನೇ ಲೇನ್ 407 ಮೀಟರ್, ನಾಲ್ಕನೇದು 422. ನಾಲ್ಕನೇ ಲೇನ್‌ನಾಗ ಹತ್ತು ಸುತ್ತು ಹಾಕಿದ್ರ 4.22 ಕಿಮೀ ಆಗ್ತದ. ಅದನ್ನ ವಾಚ್‌ನ ತಪ್ಪು ಅನ್ನಬ್ಯಾಡ್ರಿ. ಟ್ರ್ಯಾಕ್ ರನ್ ಮೋಡ್ ಇದ್ರ ಲೇನ್ ನಂಬರ್ ಸರಿಯಾಗಿ ಕೊಡ್ರಿ.

10ಕೆ ದಿನಾನೂ ಹಿಂಗ. ರೇಸಿನ ದಾರಿನ ಅತಿ ಹತ್ತಿರದ ಗೆರಿ ಹಿಡಿದು ಅಳೆದಿರ್ತಾರ, ಕಡಿಮಿ ಬೀಳಬಾರದು ಅಂತ ಕಿಲೋಮೀಟರಿಗೆ ಒಂದು ಮೀಟರ್ ಹೆಚ್ಚಿಗೆ ಸೇರಿಸಿರ್ತಾರ. ಗದ್ದಲದಾಗ ನಾವು ಆ ಗೆರಿ ಮ್ಯಾಲೆ ಓಡ್ಲಿಕ್ಕೆ ಆಗಂಗಿಲ್ಲ. ವಾಚ್ 10.15 ತೋರಿಸೋದು ಸಹಜ. 60 ನಿಮಿಷದೊಳಗ ಮುಗಿಸ್ಬೇಕಂದ್ರ ವಾಚ್ ಮ್ಯಾಲೆ 6:00 ಪೇಸ್ (ಕಿಲೋಮೀಟರಿಗೆ 6 ನಿಮಿಷ) ಹಿಡಿದ್ರ 60 ನಿಮಿಷ 54 ಸೆಕೆಂಡ್ ಆಗ್ತದ. 5:54 ಹಿಡೀರಿ. ಆಟೋ-ಲ್ಯಾಪ್ (ವಾಚ್ ತಾನಾ ಕಿಲೋಮೀಟರ್ ಎಣಿಸಿ ಲ್ಯಾಪ್ ಹಾಕೋದು) ಆಫ್ ಮಾಡಿ, ಕಿಲೋಮೀಟರ್ ಬೋರ್ಡ್ ದಾಟಿದಾಗ ಲ್ಯಾಪ್ ಬಟನ್ ಒತ್ತಿಕೋತ ಹೋಗ್ರಿ.

ಹಲಸೂರು_ಓಟ:
ಫೋರ್‌ರನ್ನರ್ 255 ಬಳಸಿದ್ದು ಒಂದು ಸಿಗ್ತಾ ಇದೆ, ಬೆಲೆ ಚೆನ್ನಾಗಿದೆ. ತಗೋಬಹುದಾ? ಏನು ನೋಡಬೇಕು?

ಫರ್ಮ್‌ವೇರ್_ಮೈಸೂರು:
ತಗೋಬಹುದು. ಮಾರುವವರ ಎದುರೇ ಅವರ ಫೋನಿನ ಆಪ್‌ನಿಂದ ವಾಚ್ ತೆಗೆಸಿ, ರೀಸೆಟ್ ಮಾಡಿಸಿ, ನಿಮ್ಮ ಫೋನಿಗೆ ಜೋಡಿಸಿ ನೋಡಿ. ಹಿಂಬದಿಯ ಚಾರ್ಜಿಂಗ್ ಪಿನ್‌ಗಳು ಹಸಿರುಗಟ್ಟಿದ್ದರೆ ಬೆವರಿನ ಉಪ್ಪು ತಿಂದಿದೆ ಅಂತ ಅರ್ಥ. ಮೃದುವಾದ ಹಲ್ಲುಜ್ಜುವ ಬ್ರಷ್‌ಗೆ ನೀರು ಹಾಕಿ ಉಜ್ಜಿದರೆ ಹೋಗಬೇಕು, ಗುಳಿ ಬಿದ್ದಿದ್ದರೆ ಬಿಟ್ಟುಬಿಡಿ. ಪ್ರತಿ ಬಟನ್ ಒತ್ತಿ ನೋಡಿ, ಗಟ್ಟಿಯಾಗಿದ್ದರೆ ಅದೂ ಉಪ್ಪೇ. ಹಸಿರು ಬೆಳಕಿನ ಗಾಜಿನಲ್ಲಿ ಬಿರುಕಿದ್ದರೆ ನೀರು ಒಳಗೆ ಹೋಗುತ್ತೆ, 5 ಎಟಿಎಂ (ನೀರು ತಡೆಯುವ ಮಟ್ಟ) ಅಂತ ಬರೆದಿರೋದು ಆಮೇಲೆ ಲೆಕ್ಕಕ್ಕಿಲ್ಲ.

ಕೊನೆಗೆ ಬ್ಯಾಟರಿ. ಪೂರ್ತಿ ಚಾರ್ಜ್ ಮಾಡಿಸಿ, ಜಿಪಿಎಸ್ ಓಟ ಶುರು ಮಾಡಿ, ಬಯಲಲ್ಲಿ ಒಂದು ಗಂಟೆ ನಡೆಯಿರಿ. ಮೋಡ್ "ಜಿಪಿಎಸ್ ಮಾತ್ರ" ಇರಲಿ, 30 ಗಂಟೆ ಅನ್ನೋದು ಆ ಮೋಡ್‌ನ ಲೆಕ್ಕ, ಮಲ್ಟಿ ಬ್ಯಾಂಡ್ (ಮೇಲೆ ಹೇಳಿದ ಡ್ಯುಯಲ್ ಬ್ಯಾಂಡೇ) ಹಾಕಿದರೆ ಬೇಗ ಇಳಿಯೋದು ಸಹಜ. ಸರಿಯಿದ್ದರೆ 3–4 ಶೇಕಡಾ ಇಳಿಯುತ್ತೆ. 7–8 ಇಳಿದರೆ ಬ್ಯಾಟರಿ ಅರ್ಧಕ್ಕೆ ಬಂದಿದೆ, ಬೆಲೆಯೂ ಅಷ್ಟೇ ಇಳಿಸಿ ಕೇಳಿ.