ಡಿಸೆಂಬರ್‌ನಲ್ಲಿ ಹೊಸ ಹುಡುಗರನ್ನು ಯಾವ ಅಳತೆಯಿಂದ ನೋಡಬೇಕು? (ಎಎಫ್‌ಎಲ್, ಅಂದರೆ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್‌ನ ಪ್ರೀಸೀಸನ್: ಸೀಸನ್‌ಗೆ ಮುಂಚಿನ ತರಬೇತಿ)

ಯಾರಾದಂಡೆ:
ನವೆಂಬರ್‌ನಲ್ಲಿ ಡ್ರಾಫ್ಟ್ (ಕ್ಲಬ್ಬುಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವುದು) ಮುಗಿದದ್ದೇ ತಡ, ಕ್ಲಬ್ಬುಗಳಿಂದ 2 ಕಿ.ಮೀ. ಟೈಮ್ ಟ್ರಯಲ್ ವಿಡಿಯೋಗಳು ಬರತೊಡಗುತ್ತವೆ. ಹದಿನೆಂಟರ ಹುಡುಗ ಹಳಬರನ್ನು ಹಿಂದೆ ಹಾಕಿದರೆ ಸಾಕು, ಮಾರ್ಚ್‌ನ ಮೊದಲ ಪಂದ್ಯಕ್ಕೇ ಇವನು ಸಿದ್ಧ ಅನ್ನುತ್ತಾರೆ. ನನ್ನ ಪ್ರಕಾರ ಆ ಓಟ ಹೇಳುವುದು ಬಹಳ ಕಡಿಮೆ. 6 ನಿಮಿಷ 20 ಸೆಕೆಂಡಿನಲ್ಲಿ ಮುಗಿಸಿದವನ ಸರಾಸರಿ ವೇಗ ಗಂಟೆಗೆ ಸುಮಾರು 19 ಕಿ.ಮೀ., ಅದೂ ಒಂದೇ ಲಯದಲ್ಲಿ. ಪಂದ್ಯದಲ್ಲಿ ಓಡಬೇಕಾದದ್ದು 12-14 ಕಿ.ಮೀ. ನಡುನಡುವೆ 25 ಕಿ.ಮೀ. ವೇಗ ದಾಟುವ ಸ್ಪ್ರಿಂಟ್, ದಿಢೀರ್ ನಿಲ್ಲುವುದು, ತಿರುಗುವುದು, ಟ್ಯಾಕಲ್‌ಗೆ ಬಿದ್ದು ಏಳುವುದು. ಈ ಆಟದಲ್ಲಿ ಅತಿ ಹೆಚ್ಚು ಕಾಡುವ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಗಾಯ ಹೆಚ್ಚಾಗಿ ಆಗುವುದು ಆ ಸ್ಪ್ರಿಂಟ್‌ನಲ್ಲಿ. ಹಾಗಾಗಿ ಕ್ರಿಸ್‌ಮಸ್ ರಜೆಗೆ ಮುಂಚೆ ನಾನು ಕೇಳುವ ಪ್ರಶ್ನೆ ಒಂದೇ: ಎಷ್ಟು ಮುಖ್ಯ ಸೆಷನ್‌ಗಳನ್ನು ಹುಡುಗ ಕೊನೆಯ ಡ್ರಿಲ್‌ವರೆಗೆ ಮಾಡಿದ?

ಹಾಫ್‌ಬ್ಯಾಕ್ 7:
ಪೂರ್ತಿ ಒಪ್ಪಲಾರೆ ಸರ್. 2018ರ ಡ್ರಾಫ್ಟಿನ ಮೊದಲ ಪಿಕ್ (ಆಯ್ಕೆ) ಸ್ಯಾಮ್ ವಾಲ್ಶ್ ಅವರನ್ನು ನೋಡಿ. 2019ರಲ್ಲಿ ಕಾರ್ಲ್‌ಟನ್‌ನ 22 ಪಂದ್ಯಗಳನ್ನೂ ಆಡಿ ವರ್ಷದ ಅತ್ಯುತ್ತಮ ಯುವ ಆಟಗಾರನಿಗೆ ಕೊಡುವ ರೈಸಿಂಗ್ ಸ್ಟಾರ್ ಪ್ರಶಸ್ತಿ ಗೆದ್ದರು. ಅಷ್ಟು ತಾಳಿಕೊಂಡದ್ದು ಓಟದ ತಳಪಾಯದಿಂದಲೇ. ಈಗ ಪಂದ್ಯಕ್ಕೆ ತಂಡಕ್ಕೆ 75 ರೊಟೇಶನ್ (ಬೆಂಚಿನವರ ಜೊತೆ ಅದಲುಬದಲು) ಮಾತ್ರ. ಓಡಲಾರದವನು ಪದೇ ಪದೇ ಬೆಂಚಿಗೆ ಬರುತ್ತಾ ಕೂತರೆ ಉಳಿದವರ ಪಾಲು ತಿಂದ ಹಾಗೆ.

ಫಿಸಿಯೋ ಕಣ್ಣು:
ವಾಲ್ಶ್ ಆ ತಳಪಾಯವನ್ನು ಹೊತ್ತುಕೊಂಡೇ ಬಂದವರು. ಎಲ್ಲರೂ ಹಾಗೆ ಬರುವುದಿಲ್ಲ. ಹುಡುಗರ ಕ್ಯಾಲೆಂಡರ್ ನೋಡಿ. ಅಂಡರ್ 18 ಸೀಸನ್ ಸೆಪ್ಟೆಂಬರ್‌ಗೆ ಮುಗಿಯುತ್ತದೆ. ಅಕ್ಟೋಬರ್‌ನಲ್ಲಿ ಕಂಬೈನ್ ಎಂಬ ದೈಹಿಕ ಪರೀಕ್ಷಾ ಶಿಬಿರ, ಅದಕ್ಕೆ ಅವರು ತಯಾರಾಗುವುದು ಜಿಗಿತ, 20 ಮೀಟರ್ ಓಟ ಇಂಥ ಪರೀಕ್ಷೆಗಳಿಗೆ. ವಿಕ್ಟೋರಿಯಾದವನಾದರೆ ಜೊತೆಗೇ 12ನೇ ತರಗತಿ ಪರೀಕ್ಷೆ. ಅಂದರೆ ಮೈಗೆ ವಾರದ ಭಾರ (ಓಟ, ತರಬೇತಿಯ ಒಟ್ಟು ಹೊರೆ) ಅತಿ ಕಡಿಮೆ ಇರುವ ಹೊತ್ತಿಗೇ ವಾರಕ್ಕೆ ಮೂರು ಮೈದಾನದ ಸೆಷನ್, ಮೂರು ನಾಲ್ಕು ಜಿಮ್ ಶುರುವಾಗುತ್ತದೆ. ಮೊದಲ ನಾಲ್ಕು ವರ್ಷದ ಆಟಗಾರರು ಹಿರಿಯರಿಗಿಂತ ಮುಂಚೆ ತರಬೇತಿಗೆ ಬರುವ ಪದ್ಧತಿ ಇದೆ. ಆದರೆ ಅವನ ಪಕ್ಕದಲ್ಲಿ ಓಡುವ ನಾಲ್ಕನೇ ವರ್ಷದವನ ಕಾಲಲ್ಲಿ ಮೂರು ಪ್ರೀಸೀಸನ್ ಇರುತ್ತದೆ, ಇವನ ಕಾಲಲ್ಲಿ ಸೊನ್ನೆ.

ಮೋಸ ಆಗುವುದು ಇಲ್ಲೇ. ಉಸಿರು ಕೆಲವೇ ವಾರಗಳಲ್ಲಿ ಸುಧಾರಿಸುತ್ತದೆ. ಮೂಳೆಗೂ ಸ್ನಾಯುರಜ್ಜಿಗೂ ತಿಂಗಳುಗಳು ಬೇಕು. ಹುಡುಗನಿಗೆ "ಇನ್ನೂ ಓಡಬಲ್ಲೆ" ಅನಿಸುತ್ತಿರುವಾಗಲೇ ಪಾದದ ಮೂಳೆಯೋ ಸೊಂಟದ ಬೆನ್ನುಮೂಳೆಯೋ ಒಳಗೆ ಬಿರುಕು ಬಿಡತೊಡಗಿರುತ್ತದೆ. ಸೊಂಟದ ಒಂದೇ ಪಕ್ಕ ನೋವು, ಹಿಂದಕ್ಕೆ ಬಾಗಿದರೆ ಜಾಸ್ತಿ ಅಂತ ಹೇಳಿದ ದಿನವೇ ಎಂಆರ್‌ಐ ಮಾಡಿಸಬೇಕು. ಆರಂಭದಲ್ಲೇ ಹಿಡಿದರೆ ಕೆಲವು ವಾರಗಳ ಮಾತು, ಬಿಟ್ಟರೆ ತಿಂಗಳುಗಟ್ಟಲೆ. ವೇಗದ ಬೌಲರ್‌ಗಳಿಗೆ ಆಗುವುದೂ ಇದೇ. ನಮ್ಮ ಪ್ರಸಿದ್ಧ್ ಕೃಷ್ಣ 2023ರ ಐಪಿಎಲ್ ಪೂರ್ತಿ ತಪ್ಪಿಸಿಕೊಂಡದ್ದು ಇದರಿಂದಲೇ.

ಪರ್ತ್ ಪಡುಗಾಳಿ:
ಅದಕ್ಕೇ ಅಲ್ವಾ ಮಾರಾಯ್ರೆ, ಬೆನ್ನಿಗೆ ಜಿಪಿಎಸ್ ಕಟ್ಟಿ ಪ್ರತಿ ಮೀಟರ್ ಲೆಕ್ಕ ಇಡುವುದು? ಈ ವಾರದ ಭಾರವನ್ನು ನಾಲ್ಕು ವಾರದ ಸರಾಸರಿಯಿಂದ ಭಾಗಿಸಿ, 0.8ರಿಂದ 1.3ರ ಒಳಗೆ ಇಟ್ಟರೆ ಆಯಿತು.

ಫಿಸಿಯೋ ಕಣ್ಣು:
ಆ ಅನುಪಾತವನ್ನು ಕಣ್ಣುಮುಚ್ಚಿ ನಂಬಬೇಡಿ. ಮೂರು ವಾರ 12 ಕಿ.ಮೀ. ಓಡಿದವನು ಈ ವಾರ 24 ಓಡಿದ ಅಂದುಕೊಳ್ಳಿ. ಭಾರ ಎರಡು ಪಟ್ಟಾಯಿತು. ಆದರೆ ಈ ವಾರದ 24 ಸರಾಸರಿಯೊಳಗೂ ಸೇರಿ ಅದು 15 ಆಗುತ್ತದೆ, ಅನುಪಾತ 1.6 ಮಾತ್ರ. ಕೆಳಗಿನ ಅಂಕಿಯಲ್ಲಿ ಮೇಲಿನದೇ ಕೂತಿದೆ ಎಂದು ಸಂಶೋಧಕರೇ ಇದನ್ನು ಟೀಕಿಸಿದ್ದಾರೆ. ಇನ್ನೊಂದು, ಒಟ್ಟು ದೂರ ಸರಿಯಾಗಿದ್ದು ಸ್ಪ್ರಿಂಟ್ ಮಾತ್ರ ಒಂದೇ ವಾರದಲ್ಲಿ ಏರಿದ್ದರೆ ಒಟ್ಟು ದೂರದ ಅನುಪಾತಕ್ಕೆ ಅದು ಕಾಣುವುದೇ ಇಲ್ಲ. ಆದ್ದರಿಂದ ಸ್ಪ್ರಿಂಟ್ ಮೀಟರ್‌ಗಳಿಗೆ ಬೇರೆ ಲೆಕ್ಕ ಇಡಬೇಕು. ಹಾಗಂತ ಸ್ಪ್ರಿಂಟನ್ನೇ ತೆಗೆಯುವುದು ಇನ್ನೂ ದೊಡ್ಡ ತಪ್ಪು. ವಾರಕ್ಕೆ ಒಂದೆರಡು ಸಲವಾದರೂ ತನ್ನ ಗರಿಷ್ಠ ವೇಗದ 90 ಪ್ರತಿಶತ ಮುಟ್ಟದ ತೊಡೆ, ಫೆಬ್ರವರಿಯ ಅಭ್ಯಾಸ ಪಂದ್ಯದಲ್ಲಿ ಮೊದಲ ಬಾರಿಗೆ ಮುಟ್ಟಿದಾಗ ಹರಿಯುತ್ತದೆ.

ಡ್ರಾಪ್ ಪಂಟ್:
ಎಲ್ಲರೂ ಕಾಲಿನ ಕಿಲೋಮೀಟರ್ ಎಣಿಸುತ್ತಿದ್ದೀರಿ, ಕಿಕ್ ಯಾರೂ ಎಣಿಸುತ್ತಿಲ್ಲ! ಸೆಷನ್ ಮುಗಿದ ಮೇಲೆ ಹುಮ್ಮಸ್ಸಿನ ಹುಡುಗ ಒಬ್ಬನೇ ನಿಂತು ಗೋಲಿಗೆ 60-70 ಕಿಕ್ ಹೊಡೆಯುತ್ತಾನೆ. ಜಿಪಿಎಸ್ ಕಳಚಿಟ್ಟಾಗಿದೆ, ಲೆಕ್ಕಕ್ಕೆ ಸಿಗುವುದಿಲ್ಲ. ಮೂರನೇ ವಾರಕ್ಕೆ ತೊಡೆಯ ಮುಂಭಾಗ ಎಳೆದುಕೊಳ್ಳುತ್ತದೆ, ಇಲ್ಲವೇ ತೊಡೆಸಂದಿ ನೋಯತೊಡಗುತ್ತದೆ.

ಅಷ್ಟು ಕಿಕ್‌ಗಳಿಂದ ಸುಧಾರಿಸುವುದೂ ಇಲ್ಲ. ದಣಿದಾಗ ಮೊದಲು ಕೆಡುವುದು ಕಾಲಲ್ಲ, ಕೈ. ಬಲಗಾಲಿನವನಾದರೆ ಎಡಗೈ ಮೊದಲು ಬಿಡುತ್ತದೆ, ಬಲಗೈ ಚೆಂಡನ್ನು ಸೊಂಟದ ಮಟ್ಟದವರೆಗೆ ಇಳಿಸಿ ಬಿಡಬೇಕು. ದಣಿದವನು ಎದೆಯ ಹತ್ತಿರವೇ ಕೈಬಿಡುತ್ತಾನೆ. ಗಾಳಿಯಲ್ಲಿ ಆ ಒಂದಡಿ ಹೆಚ್ಚಿಗೆ ಬೀಳುವಷ್ಟರಲ್ಲಿ ಚೆಂಡು ಓರೆಯಾಗುತ್ತದೆ. ಕೆಳತುದಿ ಪಾದದ ಮೇಲಿನ ಗಟ್ಟಿ ಮೂಳೆಗೆ ಸಿಗಬೇಕಿತ್ತು, ಚೆಂಡಿನ ಹೊಟ್ಟೆ ಸಿಗುತ್ತದೆ. ಹಿಮ್ಮುಖ ಸುತ್ತು ಹೋಗಿ ಚೆಂಡು ತೇಲುತ್ತದೆ, ಎದುರಾಳಿ ಆರಾಮಾಗಿ ಮಾರ್ಕ್ (ನೇರ ಕ್ಯಾಚ್) ಹಿಡಿಯುತ್ತಾನೆ. ಹೀಗೆ 70 ಹೊಡೆದರೆ ತಪ್ಪನ್ನೇ ರೂಢಿ ಮಾಡಿಕೊಂಡ ಹಾಗೆ. ಮೊದಲು ನಡೆಯುತ್ತಾ 15 ಮೀಟರಿಗೆ ಎರಡೂ ಕಾಲಲ್ಲಿ ಹತ್ತತ್ತು. ಆಮೇಲೆ ನಿಧಾನ ಓಟದಲ್ಲಿ ಹತ್ತು. ಕೊನೆಗೆ 20 ಮೀಟರ್ ಸ್ಪ್ರಿಂಟ್ ಮಾಡಿ, ಎದುರು ಓಡಿಬರುವವನ ಎದೆಗೆ ಹತ್ತು. ಸಾಕು, ಒಳಗೆ ಹೋಗಬೇಕು.

ಹಾಫ್‌ಬ್ಯಾಕ್ 7:
ಇದನ್ನು ಒಪ್ಪಿದೆ. ಆದರೆ ಮೈತೂಕದ ಬಗ್ಗೆ ಏನು? 76 ಕೆ.ಜಿ. ಹುಡುಗ 90ರ ಮಿಡ್‌ಫೀಲ್ಡರ್ ಎದುರು ಸ್ಟಾಪೇಜ್‌ನಲ್ಲಿ (ಆಟ ನಿಂತು ಚೆಂಡಿಗೆ ಮತ್ತೆ ಪೈಪೋಟಿ ಶುರುವಾಗುವಲ್ಲಿ) ನಿಲ್ಲುವುದಾದರೂ ಹೇಗೆ? ಮೊದಲ ಬೇಸಿಗೆಯಲ್ಲೇ ಮೈ ತುಂಬಿಸಬೇಕಲ್ಲವೇ?

ಯಾರಾದಂಡೆ:
ಮೊದಲ ವರ್ಷಕ್ಕೆ 3-4 ಕೆ.ಜಿ. ಬಂದರೆ ಒಳ್ಳೆಯ ಬೆಳವಣಿಗೆ. ಎರಡೇ ತಿಂಗಳಲ್ಲಿ ಅಷ್ಟು ತುಂಬಿಸಿದರೆ ಪ್ರತಿ ಹೆಜ್ಜೆಗೂ ಆ ತೂಕ ಅದೇ ಎಳೆಯ ಮೂಳೆಯ ಮೇಲೆ. ಪ್ರೋಟೀನ್ ಕೆ.ಜಿ.ಗೆ 1.6ರಿಂದ 2.2 ಗ್ರಾಂ, 76 ಕೆ.ಜಿ.ಗೆ ದಿನಕ್ಕೆ 120-165 ಗ್ರಾಂ ಆಯಿತು. ಹುಡುಗರು ಎಡವುವುದು ಪ್ರೋಟೀನ್‌ನಲ್ಲಿ ಅಲ್ಲ, ಒಟ್ಟು ಊಟದಲ್ಲಿ. ಊರು ಬಿಟ್ಟು ಬಂದವನು ಸೆಷನ್ ಮುಗಿಸಿ ಸುಸ್ತಾಗಿ ಮಲಗುತ್ತಾನೆ, ರಾತ್ರಿ ಊಟ ಅರ್ಧಂಬರ್ಧ. ಹಾಗಾದರೆ ಸ್ನಾಯುವೂ ಬೆಳೆಯದು, ಮೂಳೆಯೂ ರಿಪೇರಿ ಆಗದು. ಹುಡುಗನಿಗೆ ಅಡುಗೆ ಮಾಡಿ ಬಡಿಸುವ ಆತಿಥೇಯ ಕುಟುಂಬ ಪ್ರೋಟೀನ್ ಡಬ್ಬಿಗಿಂತ ಮುಖ್ಯ ಅಂತ ನಾನು ಖಂಡಿತ ನಂಬುತ್ತೇನೆ.

ಪರ್ತ್ ಪಡುಗಾಳಿ:
ಮೈ ತುಂಬದಿದ್ದರೂ ಆಡಿಸುವ ದಾರಿ ಉಂಟು. ಮಿಡ್‌ಫೀಲ್ಡರ್ ಆಗಿ ಬಂದ ಮರ್ಫಿ ರೀಡ್ 2024ರಲ್ಲಿ 17ನೇ ಪಿಕ್. ಫ್ರೀಮ್ಯಾಂಟಲ್ ಅವರನ್ನು ಹೆಚ್ಚಾಗಿ ಮುಂದಿನ ಸಾಲಿನಲ್ಲೇ ಆಡಿಸಿತು. 2025ರ ರೈಸಿಂಗ್ ಸ್ಟಾರ್ ಅವರೇ. ಅದೇ ಡ್ರಾಫ್ಟಿನ 3ನೇ ಪಿಕ್ ಜಗ್ಗ ಸ್ಮಿತ್‌ಗೆ ಫೆಬ್ರವರಿಯಲ್ಲಿ ಮೊಣಕಾಲಿನ ಎಸಿಎಲ್ ಹರಿದು ಇಡೀ ವರ್ಷ ಹೋಯಿತು. ಎಲ್ಲ ಗಾಯಕ್ಕೂ ಭಾರದ ಲೆಕ್ಕ ಕಾರಣ ಅಲ್ಲ, ಅದೂ ನೆನಪಿರಲಿ.

ಹಾಫ್‌ಬ್ಯಾಕ್ 7:
ಹಾಫ್ ಫಾರ್ವರ್ಡ್ (ಮಿಡ್‌ಫೀಲ್ಡಿಗೂ ಗೋಲಿಗೂ ನಡುವಿನ ಮುಂದಿನ ಸಾಲು) ಸುಲಭದ ಜಾಗ ಅಂದುಕೊಳ್ಳಬೇಡಿ. ಸ್ಟಾಪೇಜ್‌ವರೆಗೆ ಮೇಲೆ ಓಡಿ, ಚೆಂಡು ಕೈತಪ್ಪಿದರೆ ಹಿಂದಕ್ಕೂ ಓಡಬೇಕು, ಚೆಂಡು ಸಿಗುವುದು ಮಾತ್ರ ಅಪರೂಪ. ಹಾಫ್‌ಬ್ಯಾಕ್‌ನಲ್ಲಿ (ರಕ್ಷಣೆಯ ಸಾಲಿನಲ್ಲಿ) ಆಟ ಕಣ್ಣೆದುರಿಗೆ ಇರುತ್ತದೆ, ಕಲಿಯಲು ಅದೇ ವಾಸಿ. ಒಂದು ಚಟ ಮಾತ್ರ ಬಿಡಿಸಬೇಕು. ಅಂಡರ್ 18ರಲ್ಲಿ 30 ಸಲ ಚೆಂಡು ಮುಟ್ಟಿದವನು ಇಲ್ಲಿಯೂ ಚೆಂಡಿದ್ದಲ್ಲಿಗೆ ಹೋಗುತ್ತಾನೆ. ಅವನು ಬಿಟ್ಟ ಜಾಗಕ್ಕೆ ಎದುರಾಳಿ ಎರಡು ಕಿಕ್‌ನಲ್ಲಿ ಚೆಂಡನ್ನು ಅಡ್ಡ ದಾಟಿಸುತ್ತಾರೆ. ಹುಡುಗ ಚೆಂಡು ನೋಡುತ್ತಲೇ ತನ್ನ ಜಾಗ ಬಿಡದೆ ನಿಂತ ದಿನ ತರಬೇತುದಾರರ ನಂಬಿಕೆ ಗಳಿಸುತ್ತಾನೆ.

ಡ್ರಾಪ್ ಪಂಟ್:
ರಕ್‌ಮನ್‌ಗಳಿಗೆ (ಸ್ಟಾಪೇಜ್‌ನಲ್ಲಿ ಚೆಂಡಿಗೆ ಜಿಗಿಯುವ ಎತ್ತರದವರಿಗೆ) ಈ ಯಾವ ಅಳತೆಯನ್ನೂ ಈಗಲೇ ಹಚ್ಚಬೇಡಿ. ಮ್ಯಾಕ್ಸ್ ಗಾನ್ 2009ರಲ್ಲಿ 34ನೇ ಪಿಕ್, ಮೊದಲ ಸಲ ಆಲ್ ಆಸ್ಟ್ರೇಲಿಯನ್ (ವರ್ಷದ ಶ್ರೇಷ್ಠರ ತಂಡದ ಸದಸ್ಯ) ಆದದ್ದು 2016ರಲ್ಲಿ.

ಯಾರಾದಂಡೆ:
ಹೌದು. ಜನವರಿಯಲ್ಲಿ ಓಪನ್ ಸೆಷನ್‌ಗೆ ಹೋಗುವವರು ಮ್ಯಾಚ್ ಸಿಮ್ಯುಲೇಶನ್‌ನ ಕೊನೆಯ ಹತ್ತು ನಿಮಿಷ ತಪ್ಪಿಸಬೇಡಿ. ಚೆಂಡು ಎದುರಾಳಿ ಕೈಗೆ ಹೋದ ಕ್ಷಣ ಹುಡುಗ ಸೊಂಟದ ಮೇಲೆ ಕೈಯಿಟ್ಟನೋ, ತಿರುಗಿ ಓಡಿದನೋ, ಅಷ್ಟನ್ನು ಗುರುತು ಹಾಕಿಕೊಂಡು ಬಂದು ಇಲ್ಲಿ ಬರೆಯಿರಿ.