ಪದಚರ್ಚೆ: ಪ್ರೋಥ್ಯಾಲಸ್‌ಗೆ ಕನ್ನಡದಲ್ಲಿ ಏನನ್ನೋಣ? ತುರ್ತು

ಗೆಳೆಯರೇ, ನಮಸ್ಕಾರ.

ಜರೀಗಿಡಗಳ ಪ್ರದರ್ಶನವೊಂದಕ್ಕೆ ಫಲಕ ಬರೆಯುತ್ತಿದ್ದೇನೆ. ನಾಳೆ ಮಧ್ಯಾಹ್ನದೊಳಗೆ ಅಚ್ಚಿಗೆ ಕೊಡಬೇಕು. ಮೂಲ ಇಂಗ್ಲಿಷಿನಲ್ಲಿದೆ. ಫಲಕದಲ್ಲಿ ಎರಡು ಚಿತ್ರ. ಮೊದಲನೆಯದು ಎಲ್ಲರೂ ನೋಡಿರುವ ಜರೀಗಿಡ. ಎಲೆ ತಿರುಗಿಸಿ ಅಡಿಭಾಗ ತೋರಿಸಿದ್ದಾರೆ, ಕಂದು ಚುಕ್ಕೆಗಳು ಸಾಲಾಗಿವೆ, ಸ್ಪೋರ್ ಎಂಬ ಸಣ್ಣ ಪುಡಿ ಹುಟ್ಟುವುದು ಅಲ್ಲೇ. ಎರಡನೆಯದು ಪ್ರೋಥ್ಯಾಲಸ್, ಅಂದರೆ ಸ್ಪೋರ್ ಮೊಳೆತು ಆಗುವ ಪುಟ್ಟ ಗಿಡ. ಕಿರುಬೆರಳಿನ ಉಗುರಿಗಿಂತ ಚಿಕ್ಕದು, ಹಸಿರು, ಹೃದಯದಾಕಾರ.

ನನಗೆ ಬೇಕಾದ್ದು ಮೂರು. ಸ್ಪೋರ್‌ಗೆ ‘ಬೀಜಕ’ ಸರಿಯಾ? ಪ್ರೋಥ್ಯಾಲಸ್‌ಗೆ ಕನ್ನಡದಲ್ಲಿ ಪದ ಇದೆಯಾ? ಮೊದಲ ಚಿತ್ರದ ಮೇಲೆ ‘ನಿರ್ಲಿಂಗ ಸಂತಾನೋತ್ಪತ್ತಿ’, ಎರಡನೆಯದರ ಮೇಲೆ ‘ಲೈಂಗಿಕ ಸಂತಾನೋತ್ಪತ್ತಿ’ ಅಂತ ಹಾಕಬಹುದಾ? ಓದುವವರಲ್ಲಿ ಶಾಲೆ ಮಕ್ಕಳೇ ಜಾಸ್ತಿ.

ಮರು 1

> ಸ್ಪೋರ್‌ಗೆ ‘ಬೀಜಕ’ ಸರಿಯಾ?

ಸರಿಯಲ್ಲ. ಜರೀಗಿಡಕ್ಕೆ ಬೀಜವೇ ಇಲ್ಲ. ಹೂವಿಲ್ಲ, ಕಾಯಿಲ್ಲ. ಬೀಜ ಅಂದರೆ ಒಳಗೆ ಭ್ರೂಣ, ಅದಕ್ಕೊಂದಿಷ್ಟು ಆಹಾರ, ಮೇಲೆ ಸಿಪ್ಪೆ. ಸ್ಪೋರ್ ಒಂದೇ ಒಂದು ಜೀವಕೋಶ. ‘ಬೀಜ’ಕ್ಕೆ ಒಂದು ‘ಕ’ ಅಂಟಿಸಿದರೂ ಮಗುವಿನ ಕಿವಿಗೆ ಬೀಳುವುದು ಬೀಜವೇ. ಸುಮ್ನೆ ‘ಸ್ಪೋರ್’ ಅಂತ ಬರೆಯಿರಿ. ಬಸ್ಸು, ಸ್ಕೂಲು ದಕ್ಕಿಸಿಕೊಂಡ ಭಾಷೆಗೆ ಇದೊಂದು ದಕ್ಕುವುದಿಲ್ಲವೇ?

ಮರು 2

ಬೀಜ ಬೇಡ ಎನ್ನುವವರು ‘ಸ್ಪೋರ್’ ಎಲ್ಲಿಂದ ಬಂತು ಅಂತ ನೋಡಿದ್ದೀರಾ? ಗ್ರೀಕಿನಲ್ಲಿ ‘ಸ್ಪೊರ’ ಅಂದರೆ ಬಿತ್ತನೆ, ಬೀಜ. ಮುಂಬಾಗಿಲಲ್ಲಿ ತಡೆದ ಬೀಜವನ್ನೇ ಹಿತ್ತಿಲ ಬಾಗಿಲಿಂದ ಒಳಗೆ ಬಿಟ್ಟಿರಿ. ನಮ್ಮಲ್ಲಿ ‘ಬಿತ್ತು’ ಇದೆ. ಬಿತ್ತುವ ಕೆಲಸಕ್ಕೂ ಅದೇ ಪದ, ಬಿತ್ತುವ ಕಾಳಿಗೂ ಅದೇ ಪದ. ‘ಬಿತ್ತುಪುಡಿ’ ಎನ್ನಿ. ಬಲಿತ ಎಲೆಯನ್ನು ಬಿಳಿ ಕಾಗದದ ಮೇಲೆ ಒಂದು ರಾತ್ರಿ ಇಟ್ಟರೆ ಬೆಳಗ್ಗೆ ಕಾಣುವುದು ಕಂದು ಪುಡಿಯೇ ಅಲ್ವಾ?

ಪ್ರೋಥ್ಯಾಲಸ್‌ಗೂ ಇದೇ ದಾರಿ. ‘ಪ್ರೊ’ ಅಂದರೆ ಮುಂಚಿನದು, ‘ಥಾಲೋಸ್’ ಅಂದರೆ ಎಳೆ ಚಿಗುರು. ‘ಮುಂಚಿಗುರು’. ಮುಗೀತು.

ಇನ್ನು ಜರೀಗಿಡದ ‘ಜರಿ’ ಬಟ್ಟೆಯ ಜರಿ ಅಲ್ಲ. ಜರಿ ಎಂದರೆ ಶತಪದಿ. ನಡುವೆ ದಂಟು, ಎರಡೂ ಕಡೆ ಕಾಲುಗಳ ಹಾಗೆ ಕಿರುಎಲೆ. ಹೆಸರಿಟ್ಟವರ ಕಣ್ಣು ಎಷ್ಟು ಚುರುಕಾಗಿತ್ತು ನೋಡಿ. ಆ ಕಣ್ಣನ್ನು ಕಳೆದುಕೊಂಡೇ ನಾವು ಮೊದಲು ಸಂಸ್ಕೃತದ ಹಿಂದೆ ಹೋದೆವು, ಈಗ ಇಂಗ್ಲಿಷಿನ ಹಿಂದೆ ಹೋಗುತ್ತಿದ್ದೇವೆ.

ಮರು 3

ಶತಪದಿಯ ಮಾತು ಬರೀ ಊಹೆ. ಆಕಾರ ಹೋಲುತ್ತದೆ ಎಂಬುದು ವ್ಯುತ್ಪತ್ತಿಗೆ ಆಧಾರ ಆಗುವುದಿಲ್ಲ. ಹಳೆಯ ಬಳಕೆ ತೋರಿಸಿ, ಆಮೇಲೆ ಮಾತಾಡೋಣ.

ಮರು 4

ಮೂರನೆಯ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲ. ಫಲಕ ತಪ್ಪಾಗುವುದು ಅಲ್ಲೇ. ಸಸ್ಯಶಾಸ್ತ್ರ ಕಲಿಸುವವಳಾಗಿ ಹೇಳುತ್ತೇನೆ, ಆ ಎರಡು ಶೀರ್ಷಿಕೆ ಹಾಕಬೇಡಿ.

‘ನಿರ್ಲಿಂಗ’ ಅಂದ ತಕ್ಷಣ ಮಕ್ಕಳ ಮನಸ್ಸಿಗೆ ಬರುವುದು ತಾಯಿಯ ಪಡಿಯಚ್ಚು. ಸ್ಪೋರ್ ಪಡಿಯಚ್ಚಲ್ಲ. ಎಲೆಯಡಿಯ ಒಂದೊಂದು ಕಂದು ಚುಕ್ಕೆಯೂ ಪುಟ್ಟ ಚೀಲಗಳ ಗುಂಪು. ಅದನ್ನು ಸೋರಸ್ ಎನ್ನುತ್ತಾರೆ. ಹೆಚ್ಚಿನ ಜರೀಗಿಡಗಳಲ್ಲಿ ಒಂದು ಚೀಲದೊಳಗೆ 16 ತಾಯಿಕೋಶ ಇರುತ್ತವೆ. ಒಂದೊಂದೂ ಮಿಯಾಸಿಸ್ ಎಂಬ ಕೋಶವಿಭಜನೆ ಆಗಿ ನಾಲ್ಕಾಗುತ್ತದೆ, ಒಟ್ಟು 64 ಸ್ಪೋರ್. ಆ ಹೊತ್ತಿಗೆ ವರ್ಣತಂತುಗಳು ಅರ್ಧಕ್ಕೆ ಇಳಿದಿರುತ್ತವೆ, ಅದಲು ಬದಲೂ ಆಗಿರುತ್ತವೆ. ಚೀಲ ಒಣಗಿದಾಗ ಅದರ ಬೆನ್ನ ಮೇಲಿನ ದಪ್ಪ ಗೋಡೆಯ ಕೋಶಗಳ ಪಟ್ಟಿ ಹಿಂದಕ್ಕೆ ಬಾಗುತ್ತದೆ, ಆಮೇಲೆ ಫಟ್ಟನೆ ಮೊದಲಿನ ಜಾಗಕ್ಕೆ ಬಂದು ಸ್ಪೋರ್‌ಗಳನ್ನು ಗಾಳಿಗೆ ಎಸೆಯುತ್ತದೆ.

ತೇವ ಇರುವ ಕಡೆ ಬಿದ್ದ ಸ್ಪೋರ್ ಮೊಳೆತು ಪ್ರೋಥ್ಯಾಲಸ್ ಆಗುತ್ತದೆ. ಇದು ಜರೀಗಿಡದ ಮರಿ ಅಲ್ಲ. ತನ್ನ ಅನ್ನ ತಾನೇ ಮಾಡಿಕೊಳ್ಳುವ ಬೇರೆಯೇ ಗಿಡ. ಅಂಚಿನಲ್ಲಿ ಒಂದೇ ಕೋಶದಷ್ಟು ದಪ್ಪ, ನಡುವೆ ಮಾತ್ರ ಮೆತ್ತೆಯ ಹಾಗೆ ದಪ್ಪಗಿರುತ್ತದೆ. ತಿರುಗಿಸಿ ಭೂತಗನ್ನಡಿ ಹಿಡಿದರೆ ಅಡಿಯಲ್ಲಿ ಕೂದಲಿನಂಥ ಎಳೆಗಳು ಕಾಣುತ್ತವೆ. ಗಂಡು ಅಂಗಗಳು ಆ ಎಳೆಗಳ ನಡುವೆ, ಹೆಣ್ಣು ಅಂಗಗಳು ಹೃದಯದ ಕಚ್ಚಿನ ಹತ್ತಿರ. ಮಳೆಯದೋ ಮಂಜಿನದೋ ಒಂದು ಪದರ ನೀರು ಸಿಕ್ಕರೆ ಸುರುಳಿಯಾಗಿರುವ ಗಂಡು ಲಿಂಗಾಣು ಈಜಿಕೊಂಡು ಅಂಡದ ಕಡೆ ಹೋಗುತ್ತದೆ. ಎರಡೂ ಸೇರಿದಾಗ ವರ್ಣತಂತುಗಳು ಮತ್ತೆ ಜೋಡಿಯಾಗುತ್ತವೆ. ಆ ಯುಗ್ಮಜ ಬೆಳೆದು ನಮಗೆ ಗೊತ್ತಿರುವ ಜರೀಗಿಡ ಆಗುತ್ತದೆ.

ಅಂದರೆ ನಿಮ್ಮ ಎರಡು ಚಿತ್ರಗಳು ಒಂದೇ ಲೈಂಗಿಕ ಚಕ್ರದ ಎರಡು ಅರ್ಧ. ಹಳೆಯ ಪಠ್ಯಗಳು ಮೊದಲ ಅರ್ಧವನ್ನು ‘ನಿರ್ಲಿಂಗ ಪೀಳಿಗೆ’ ಎಂದದ್ದು ನಿಜ, ನಿಮ್ಮ ಮೂಲವೂ ಅದನ್ನೇ ಹಿಡಿದಿರಬೇಕು. ಈ ಎರಡು ಪೀಳಿಗೆಗಳ ಸರದಿಯನ್ನು ಜರ್ಮನ್ ಸಸ್ಯವಿಜ್ಞಾನಿ ಹೋಫ್‌ಮೈಸ್ಟರ್ 1851ರಲ್ಲೇ ಬಿಡಿಸಿಟ್ಟಿದ್ದಾನೆ.

ನಿಜವಾದ ನಿರ್ಲಿಂಗ ರೀತಿ ಬೇರೆಯೇ ಇದೆ. ಬ್ರಾಕೆನ್ ಜರೀಗಿಡ ಮಣ್ಣೊಳಗಿನ ಕಾಂಡ ಚಾಚಿಕೊಂಡು ಹಬ್ಬುತ್ತದೆ. ಆಸ್ಪ್ಲೀನಿಯಂ ಎಂಬ ಜರೀಗಿಡಗಳ ಕೆಲವು ಜಾತಿಗಳು ಎಲೆಯ ಮೇಲೇ ಮರಿಗಿಡ ಹೊರುತ್ತವೆ. ಕೆಲವದರಲ್ಲಿ ಎಲೆಯ ತುದಿ ನೆಲ ಮುಟ್ಟಿದಲ್ಲಿ ಬೇರು ಬಿಟ್ಟು ಹೊಸ ಗಿಡ ಏಳುತ್ತದೆ. 1874ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಫಾರ್ಲೋ ಟೆರಿಸ್ ಕ್ರೆಟಿಕ ಎಂಬ ಜರೀಗಿಡದಲ್ಲಿ ಇನ್ನೊಂದು ಕಂಡ: ಪ್ರೋಥ್ಯಾಲಸ್‌ನಿಂದ ಅಂಡ, ಗಂಡು ಲಿಂಗಾಣು ಯಾವುದೂ ಸೇರದೆ ನೇರವಾಗಿ ಜರೀಗಿಡ ಮೊಳೆಯಿತು. ಇಂಥ ಗಿಡಗಳ ಚೀಲದಲ್ಲಿ ಸಾಮಾನ್ಯವಾಗಿ 32 ಸ್ಪೋರ್ ಮಾತ್ರ, ಅವುಗಳ ವರ್ಣತಂತುಗಳು ಅರ್ಧಕ್ಕೆ ಇಳಿದಿರುವುದೂ ಇಲ್ಲ. ಜಾಗ ಇದ್ದರೆ ‘ನಿರ್ಲಿಂಗ’ ಪದವನ್ನು ಇವುಗಳಿಗೆ ಉಳಿಸಿಕೊಂಡು ಮೂರನೆಯ ಚಿತ್ರ ಹಾಕಿ.

ಪದದ ವಿಷಯಕ್ಕೆ ಬಂದರೆ, ‘ಮುಂಚಿಗುರು’ ಬೇಡ. ಅದೇ ಚಿಗುರು ಬೆಳೆದು ಜರೀಗಿಡ ಆಗುತ್ತದೆ ಎಂದು ಮಗು ಓದಿಕೊಳ್ಳುತ್ತದೆ. ಆಗುವುದು ಹಾಗಲ್ಲ. ಹೊಸ ಗಿಡ ಅದರ ಮೇಲೆ ಹುಟ್ಟುತ್ತದೆ, ಸ್ವಂತ ಬೇರು ಬಿಟ್ಟ ಮೇಲೆ ಹಳೆಯದು ಸಾಯುತ್ತದೆ. ಯಾರಾದರೂ ‘ಹೃದಯದೆಲೆ’ ಅನ್ನುವ ಮೊದಲು ಅದನ್ನೂ ಹೇಳಿಬಿಡುತ್ತೇನೆ. ಎಲ್ಲ ಪ್ರೋಥ್ಯಾಲಸ್ ಹೃದಯದಾಕಾರ ಇರುವುದಿಲ್ಲ, ಪಟ್ಟಿಯಂಥವೂ ದಾರದಂಥವೂ ಇವೆ. ಅಮೆರಿಕದ ಅಪಲೇಚಿಯನ್ ಬೆಟ್ಟಗಳ ಒಂದು ಜರೀಗಿಡ, ವಿಟಾರಿಯ ಎಂಬುದರ ಒಂದು ಜಾತಿ, ಪೂರ್ತಿ ಬೆಳೆದ ಜರೀಗಿಡದ ರೂಪಕ್ಕೆ ಬರುವುದೇ ಇಲ್ಲ. ಪಟ್ಟಿಯಂಥ ಪ್ರೋಥ್ಯಾಲಸ್ ಆಗಿಯೇ, ಚೂರುಗಳನ್ನು ಉದುರಿಸಿಕೊಂಡು ಬದುಕುತ್ತದೆ. ಅದಕ್ಕೆ ‘ಮುಂಚಿಗುರು’ ಎಂದರೆ ಯಾವುದರ ಮುಂಚೆ?

ನನ್ನ ಸಲಹೆ: ಮೊದಲನೆಯದು ‘ಬೀಜಕಗಿಡ’, ಎರಡನೆಯದು ‘ಲಿಂಗಾಣುಗಿಡ’. ಯಾವ ಗಿಡ ಏನು ಬಿಡುತ್ತದೆ ಎಂದು ಹೆಸರೇ ಹೇಳುತ್ತದೆ.

ಮರು 5

ಮೇಡಂ, ವಿವರ ಚೆನ್ನಾಗಿದೆ. ಪದ ಒಪ್ಪುವುದಿಲ್ಲ. ಬೀಜ ಸಂಸ್ಕೃತ, ಲಿಂಗ ಸಂಸ್ಕೃತ, ಅಣು ಸಂಸ್ಕೃತ. ‘ಗಿಡ’ ಒಂದನ್ನು ಬಾಲಕ್ಕೆ ಕಟ್ಟಿದರೆ ಕನ್ನಡ ಆಯಿತೇ? ‘ಬಿತ್ತುಗಿಡ’, ‘ಕೂಡುಗಿಡ’ ಎನ್ನಲು ಏನು ಅಡ್ಡಿ? ಎಲ್ಲದಕ್ಕೂ ಬೇರೆಯವರ ಮನೆಯ ಪಾತ್ರೆ ತಂದರೆ ನಮ್ಮದು ತುಕ್ಕು ಹಿಡಿಯುತ್ತದೆ.

ಮರು 6

‘ಬಿತ್ತುಗಿಡ’ ಎಂದರೆ ಬೀಜದ ಗಿಡ ಎಂದೇ ಅರ್ಥ. ಮರು 1ರಲ್ಲಿ ಹೇಳಿದ್ದು ನಿಮಗೂ ಅನ್ವಯಿಸುತ್ತದೆ. ಸಂಸ್ಕೃತದ ಬೀಜವಾದರೇನು, ಕನ್ನಡದ ಬಿತ್ತಾದರೇನು, ಇಲ್ಲದ ಬೀಜ ಇಲ್ಲ. ಮೇಡಂ, ನಿಮ್ಮ ‘ಬೀಜಕಗಿಡ’ಕ್ಕೂ ಇದೇ ಆಕ್ಷೇಪ. ‘ಸ್ಪೋರ್‌ಗಿಡ’ ಎನ್ನಿ. ಎರವಲು ಪದದಲ್ಲಿ ಒಂದು ಅನುಕೂಲವಿದೆ, ಅದಕ್ಕೆ ಹಳೆಯ ಅರ್ಥದ ಭಾರ ಇರುವುದಿಲ್ಲ.

ಮರು 7

ಹಾಗಿದ್ದರೆ ಇಡೀ ನಿಘಂಟನ್ನು ಇಂಗ್ಲಿಷಿಗೆ ಬರೆದುಕೊಡಿ. ನಾನು ಇಲ್ಲಿಗೆ ನಿಲ್ಲಿಸುತ್ತೇನೆ.

ಮರು 8

> ಇದೇ ಆಕ್ಷೇಪ

ಇಲ್ಲ. ‘ಬೀಜಕ’ ಶಾಲಾಪುಸ್ತಕದಲ್ಲಿ ಓದಿ ಮಕ್ಕಳಿಗೆ ಪರಿಚಯ ಇರುವ ಪದ. ಪದದ ಒಳಗಿನ ತುಂಡು ಹಿಡಿದು ಅರ್ಥ ತೀರ್ಮಾನ ಮಾಡುವುದಾದರೆ ಗ್ರೀಕಿನ ಸ್ಪೋರ್ ಕೂಡ ನಿಲ್ಲುವುದಿಲ್ಲ. ಬಳಕೆಯಲ್ಲಿ ಬೇರ್ಪಟ್ಟಿದೆ, ಅಷ್ಟು ಸಾಕು. ನಾನು ‘ಬೀಜಕ’ವನ್ನೇ ಹಿಡಿಯುತ್ತೇನೆ.

ಮರು 9

ಎಲ್ಲರಿಗೂ ಧನ್ಯವಾದ. ನಿರ್ಲಿಂಗ, ಲೈಂಗಿಕ ಎಂಬ ಎರಡೂ ಶೀರ್ಷಿಕೆ ತೆಗೆದೆ. ಮೂರನೆಯ ಚಿತ್ರಕ್ಕೆ ಜಾಗ ಇಲ್ಲ ಎಂದಿದ್ದಾರೆ. ಈಗ ಹೀಗಿದೆ:

‘ಬೀಜಕಗಿಡ: ಎಲೆಯಡಿಯ ಚುಕ್ಕೆಗಳಲ್ಲಿ ಬೀಜಕ ಹುಟ್ಟುತ್ತದೆ. ಬೀಜಕ ಬೀಜವಲ್ಲ, ಒಂದೇ ಕೋಶ.’

‘ಲಿಂಗಾಣುಗಿಡ, ಪ್ರೋಥ್ಯಾಲಸ್: ಬೀಜಕ ಮೊಳೆತು ಆದ ಪುಟ್ಟ ಗಿಡ. ಬೇರಿನಿಂದ ನೆಲಕ್ಕೆ ಅಂಟಿರುತ್ತದೆ. ಇದರ ಮೇಲೆ ನೀರಿನಲ್ಲಿ ಈಜಿ ಬಂದ ಗಂಡು ಲಿಂಗಾಣು ಅಂಡವನ್ನು ಸೇರಿದರೆ ಹೊಸ ಜರೀಗಿಡ ಹುಟ್ಟುತ್ತದೆ.’

ಮರು 10

‘ಬೇರಿನಿಂದ’ ತೆಗೆಯಿರಿ. ಪ್ರೋಥ್ಯಾಲಸ್‌ಗೆ ಬೇರು ಇಲ್ಲ, ಅವು ರೈಜಾಯ್ಡ್. ‘ಕೂದಲಿನಂಥ ಎಳೆಗಳಿಂದ’ ಎಂದು ಹಾಕಿ. ಉಳಿದದ್ದು ಸರಿ ಇದೆ, ಅಚ್ಚಿಗೆ ಕಳಿಸಿ.